ನಾನು ಹೋದ ಮೇಲೆ ಯಾರು?

ಎಲ್ಲರಿಗೂ ನಮಸ್ಕಾರ. ಪರದೇಶಕ್ಕೆ ಹೋಗಿ ಪ್ರಾಣಿಗಳಿಗೆ, ಮಕ್ಕಳಿಗೆ ಸ್ವಯಂಸೇವೆ ಮಾಡುವ ಬಗ್ಗೆ ಬರೆದು ತಂದ ಹಾಳೆಗಳು ಕೈಯಲ್ಲಿವೆ, ಆದರೆ ಒಳಗೆ ಬರುವಾಗ ಬಾಗಿಲ ಬಳಿ ಒಂದು ಪೋಸ್ಟರ್ ನೋಡಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಹುಡುಗಿ, ತೊಡೆಯ ಮೇಲೆ ಸಿಂಹದ ಮರಿ, ಕೈಯಲ್ಲಿ ಹಾಲಿನ ಬಾಟಲಿ. ಚಿತ್ರ ಮುದ್ದಾಗಿದೆ. ಅದನ್ನು ಆರಿಸಿದ ವಿದ್ಯಾರ್ಥಿಗಳ ಮನಸ್ಸೂ ಒಳ್ಳೆಯದೇ, ಅವರ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಆದರೆ ಚಿತ್ರದ ಮುಂದೆ ನಿಂತಾಗ ನನಗೆ ಬಂದ ಮೊದಲ ಯೋಚನೆ, ಈ ಮರಿಯ ತಾಯಿ ಎಲ್ಲಿ? ಎರಡನೆಯದು, ಈ ಹುಡುಗಿ ಚೀಲ ಕಟ್ಟಿಕೊಂಡು ಹೊರಟ ಮೇಲೆ ಬಾಟಲಿ ಹಿಡಿಯುವವರು ಯಾರು?

ದಕ್ಷಿಣ ಆಫ್ರಿಕಾದಲ್ಲಿ ಇಂಥ ಮರಿಗಳ ಕಥೆ ಈಗ ಗುಟ್ಟಾಗಿ ಉಳಿದಿಲ್ಲ. ಹುಟ್ಟಿದ ಕೆಲವೇ ದಿನಕ್ಕೆ ಮರಿಯನ್ನು ತಾಯಿಯಿಂದ ಬಿಡಿಸುತ್ತಾರೆ. ಮರಿ ಕಳೆದುಕೊಂಡ ಸಿಂಹಿಣಿ ಬೇಗ ಬೆದೆಗೆ ಬರುತ್ತದೆ, ಮತ್ತೆ ಮರಿ ಹಾಕುತ್ತದೆ, ಅದನ್ನೂ ಬಿಡಿಸುತ್ತಾರೆ. ಇತ್ತ ದುಡ್ಡು ಕಟ್ಟಿ ಬಂದ ಸ್ವಯಂಸೇವಕರ ಕೈಗೆ ಮರಿ ಕೊಟ್ಟು, ಪಾಪ ತಬ್ಬಲಿ, ನೀವೇ ಇದಕ್ಕೆ ತಾಯಿ ಎನ್ನುತ್ತಾರೆ. ಮರಿ ಬೆಳೆದು ಮುದ್ದು ಮಾಡಲಾಗದಷ್ಟು ದೊಡ್ಡದಾದಾಗ ಪ್ರವಾಸಿಗರ ಜೊತೆ ನಡೆಸುತ್ತಾರೆ. ಅದಕ್ಕೂ ಮೀರಿ ಬೆಳೆದರೆ ಬೇಲಿ ಹಾಕಿದ ಜಾಗದಲ್ಲಿ ಬೇಟೆಗೆ ಬಿಡುತ್ತಾರೆ. ಮನುಷ್ಯರ ಕೈಯಲ್ಲಿ ಹಾಲು ಕುಡಿದು ಬೆಳೆದ ಸಿಂಹ ಬಂದೂಕು ಹಿಡಿದವನನ್ನು ಕಂಡು ಓಡುವುದಿಲ್ಲ. ಆ ದೇಶದ ಸರ್ಕಾರವೇ 2021ರಲ್ಲಿ ಈ ಸಾಕಣೆಯನ್ನು ನಿಲ್ಲಿಸುವುದಾಗಿ ಹೇಳಿತು. ಥಾಯ್ಲೆಂಡಿನ ಕಾಂಚನಬುರಿಯ ಹುಲಿ ದೇವಾಲಯ, ಅಂದರೆ ಹುಲಿ ಸಾಕಿದ್ದ ಬೌದ್ಧ ಮಠದ ಸುದ್ದಿಯನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. 2016ರಲ್ಲಿ ಅಧಿಕಾರಿಗಳು ಅಲ್ಲಿಂದ ನೂರಕ್ಕೂ ಹೆಚ್ಚು ಹುಲಿಗಳನ್ನು ಸಾಗಿಸಿದರು, ಫ್ರೀಜರ್ ತೆಗೆದಾಗ 40 ಸತ್ತ ಮರಿಗಳು ಸಿಕ್ಕವು. ಅಲ್ಲಿ ಫೋಟೋ ತೆಗೆಸಿಕೊಂಡವರೆಲ್ಲ ಕೆಟ್ಟವರೇ? ಅಲ್ಲ. ಪ್ರಾಣಿ ಕಂಡರೆ ಕರುಳು ಕರಗುವವರೇ ಹೆಚ್ಚು. ಆ ವ್ಯಾಪಾರ ನಿಂತಿದ್ದೇ ಅಂಥವರ ಮೇಲೆ.

ನನ್ನ ಕರುಳೂ ಹಾಗೇ ಕರಗಿತ್ತು, ಪ್ರಾಣಿಗಲ್ಲ, ಮಕ್ಕಳಿಗೆ. ಆ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಸಹಿಸಿಕೊಳ್ಳಿ.

ಕಾಂಬೋಡಿಯಾದ ಸಿಯೆಮ್ ರೀಪ್. ಅಂಗ್‌ಕೋರ್ ವಾಟ್ ನೋಡಲು ಹೋದವರೆಲ್ಲ ಉಳಿಯುವ ಊರು. ನಾನಿದ್ದ ಹಾಸ್ಟೆಲ್ಲಿನ ಗೋಡೆಯ ಮೇಲೆ ಕೈಬರಹದ ಒಂದು ಚೀಟಿ: ಮಕ್ಕಳೆಂದರೆ ಇಷ್ಟವೇ, ಇಂಗ್ಲಿಷ್ ಕಲಿಸಲು ಬನ್ನಿ. ಒಂದು ಅನಾಥಾಲಯದ ಚೀಟಿ ಅದು. ಮಾರನೆಯ ದಿನವೇ ಹೋದೆ. ಯಾರೂ ನನ್ನ ಪಾಸ್‌ಪೋರ್ಟ್ ಕೇಳಲಿಲ್ಲ, ಮೊದಲು ಮಕ್ಕಳ ಜೊತೆ ಕೆಲಸ ಮಾಡಿದ್ದೀಯಾ ಎಂದೂ ಕೇಳಲಿಲ್ಲ. ಗೇಟು ದಾಟುತ್ತಿದ್ದಂತೆ ಏಳೆಂಟು ಮಕ್ಕಳು ಓಡಿ ಬಂದು ಸೊಂಟಕ್ಕೆ, ಕೈಗೆ ಜೋತುಬಿದ್ದರು. ಎಷ್ಟು ಪ್ರೀತಿಯ ಮಕ್ಕಳು ಅಂದುಕೊಂಡೆ. ಈಗ ಗೊತ್ತು, ಮನೆಯಲ್ಲಿ ಬೆಳೆದ ಮಗು ಗುರುತಿಲ್ಲದವರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಸರಿಯುತ್ತದೆ, ಸ್ವಲ್ಪ ಹೊತ್ತು ಅಳೆದು ನೋಡುತ್ತದೆ. ಯಾರು ಬಂದರೂ ಹಾಗೆ ತಬ್ಬಿಕೊಳ್ಳುವ ಮಗುವಿಗೆ ಅಳೆದು ನೋಡಿ ನಂಬಲು ಯಾರೂ ಉಳಿದಿಲ್ಲವೆಂದು ಅರ್ಥ.

ಅಲ್ಲಿ ಒಬ್ಬಳು ಹುಡುಗಿ, ಆರೇಳು ವರ್ಷದವಳು. ಮುಂದಿನ ಹಲ್ಲು ಆಗಷ್ಟೇ ಬಿದ್ದಿತ್ತು. ಆಕೆ ನನ್ನ ಹೆಸರು ಕೇಳಲಿಲ್ಲ, ಯಾವ ದೇಶ ಎಂದೂ ಕೇಳಲಿಲ್ಲ. 'ಬಾಂಗ್' ಎಂದಳು, ಖಮೇರ್ ಭಾಷೆಯಲ್ಲಿ ಅಕ್ಕ ಅಂತ. ಆಮೇಲೆ ಬೆರಳು ತೋರಿಸಿ ಎಷ್ಟು ದಿನ ಎಂದು ಕೇಳಿದಳು. ಮುಯಿ, ಪೀ, ಬೇಯ್, ಬೂನ್, ಪ್ರಾಂ. ಒಂದು ಕೈ ಮುಗಿಯಿತು. ಆ ಭಾಷೆಯಲ್ಲಿ ಎಣಿಕೆ ಐದಕ್ಕೆ ತಿರುಗುತ್ತದೆ, ಆರು ಅನ್ನಲು ಐದು-ಒಂದು, ಏಳು ಅನ್ನಲು ಐದು-ಎರಡು. ಪ್ರಾಂ-ಮುಯಿ, ಪ್ರಾಂ-ಪೀ ಎನ್ನುತ್ತಾ ಎರಡನೇ ಕೈಯ ಬೆರಳು ಬಿಚ್ಚಿದಳು. ನಾನು ಇನ್ನೂ, ಇನ್ನೂ ಎಂದು ತಲೆಯಾಡಿಸುತ್ತಾ ಹದಿನಾಲ್ಕರವರೆಗೆ ಕರೆದುಕೊಂಡು ಹೋದೆ. ಅವಳ ಮುಖ ಅರಳಿತು. ಹದಿನಾಲ್ಕು ದಿನ ದೊಡ್ಡದಾಗಿ ಕಂಡಿತ್ತು ಅವಳಿಗೆ. ನನಗೂ.

ದಿನಾ ಬೆಳಗ್ಗೆ ಬಂದು ನನ್ನ ಬೆರಳು ಹಿಡಿದು ಒಂದನ್ನು ಮಡಚುತ್ತಿದ್ದಳು. ಒಂದೇ ಒಂದು ದಿನವೂ ತಪ್ಪಲಿಲ್ಲ. ಮೂರು ಬೆರಳು ಉಳಿದಾಗ ಹತ್ತಿರ ಬರುವುದು ನಿಲ್ಲಿಸಿದಳು. ನಾನು ಕರೆದರೆ ತಿರುಗಿ ನೋಡುವುದಿಲ್ಲ, ಗೋಡೆಯ ಪಕ್ಕ ಕೂತು ನೆಲದ ಮೇಲೆ ಕಡ್ಡಿಯಲ್ಲಿ ಗೀಚುತ್ತಿರುವಳು. ಏನೋ ಸಿಟ್ಟು ಎಂದುಕೊಂಡು ಬಣ್ಣದ ಪೆನ್ಸಿಲ್ ತಂದುಕೊಟ್ಟೆ. ಅಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸು ತನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಹೇಳಿದರು: ಪ್ರತಿಯೊಬ್ಬರಿಗೂ ಅವಳು ಹೀಗೇ ಮಾಡುತ್ತಾಳೆ. ಹೊರಡುವ ಮೊದಲೇ ಬಿಟ್ಟುಬಿಡುತ್ತಾಳೆ. ಅಂದರೆ, ಬಿಟ್ಟುಹೋಗುವವರು ಬಿಡುವ ಮುಂಚೆ ತಾನೇ ಬಿಡುವುದನ್ನು ಆ ಮಗು ಕಲಿತಿತ್ತು. ಕಲಿಸಿದವರು ನಾವು, ಸಾಲಾಗಿ ಬಂದ ಅಕ್ಕಂದಿರು, ಅಣ್ಣಂದಿರು.

ಇನ್ನೊಂದು ಮಾತನ್ನೂ ಆ ಹೆಂಗಸೇ ಹೇಳಿದರು. ಆ ಹುಡುಗಿಗೆ ಅಮ್ಮ ಇದ್ದಾಳೆ. ಬಸ್ಸಿನಲ್ಲಿ ಒಂದು ದಿನದ ದಾರಿಯ ಹಳ್ಳಿಯಲ್ಲಿ.

ನನಗೆ ಆವತ್ತು ನೆಲ ಕುಸಿದಂತಾಯಿತು. ಇದು ಒಂದು ಮಗುವಿನ ಕಥೆಯಾಗಿದ್ದರೆ ಇಲ್ಲಿ ನಿಂತು ಹೇಳುತ್ತಿರಲಿಲ್ಲ. ಕಾಂಬೋಡಿಯಾದಲ್ಲಿ 2005ರಿಂದ 2010ರೊಳಗೆ ಇಂಥ ಅನಾಥಾಲಯಗಳ ಸಂಖ್ಯೆ ಮುಕ್ಕಾಲರಷ್ಟು ಹೆಚ್ಚಿತು. ಯುದ್ಧ ಮುಗಿದು ಎಷ್ಟೋ ವರ್ಷವಾಗಿತ್ತು, ತಬ್ಬಲಿ ಮಕ್ಕಳು ಹೆಚ್ಚಿರಲಿಲ್ಲ, ಪ್ರವಾಸಿಗರು ಹೆಚ್ಚಿದ್ದರು. ಅಲ್ಲಿದ್ದ ಪ್ರತಿ ನಾಲ್ಕು ಮಕ್ಕಳಲ್ಲಿ ಸುಮಾರು ಮೂರು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ನೇಪಾಳದಲ್ಲಿ ಮಾವೋವಾದಿ ಯುದ್ಧದ ವರ್ಷಗಳಲ್ಲಿ ಹುಮ್ಲಾದಂಥ ದೂರದ ಬೆಟ್ಟದ ಜಿಲ್ಲೆಗಳ ತಂದೆತಾಯಿಯರು ಮಗು ಓದುತ್ತದೆ, ಬದುಕುತ್ತದೆ ಎಂಬ ಆಸೆಯಿಂದ ದಲ್ಲಾಳಿಗಳಿಗೆ ದುಡ್ಡು ಕೊಟ್ಟು ಕಳಿಸಿದರು. ಮಕ್ಕಳು ಕಠ್ಮಂಡುವಿನಲ್ಲಿ ಕಾಗದದ ಮೇಲೆ ತಬ್ಬಲಿಗಳಾದರು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಕಾಯ್ದೆ ತಂದಾಗ ಈ ಬಗೆಯ ಮಕ್ಕಳ ಸಾಗಾಟವನ್ನೂ ಗುರುತಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ತನ್ನ ನಿರ್ಣಯದಲ್ಲಿ ಅನಾಥಾಲಯದ ಸ್ವಯಂಸೇವೆ ಮಕ್ಕಳಿಗೆ ಮಾಡುವ ಕೇಡನ್ನು ಹೆಸರು ಹಿಡಿದು ಹೇಳಿತು.

ಹಾಗಾದರೆ ಮಕ್ಕಳಿಗೆ ಏನೂ ಮಾಡಬಾರದೇ ಎಂದು ಯಾರೋ ಕೇಳಿಯೇ ಕೇಳುತ್ತೀರಿ. ಮಾಡಿ. ಅಮ್ಮನ ಕೈ ಗಟ್ಟಿ ಮಾಡುವವರ ಜೊತೆ ಮಾಡಿ. 1994ರಲ್ಲಿ ಕಾಂಬೋಡಿಯಾದ ರಾಜಧಾನಿ ಫ್ನಾಮ್ ಪೆನ್ಹ್‌ನಲ್ಲಿ ಶುರುವಾದ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಬೀದಿಯ ಹುಡುಗರಿಗೆ ಅಡುಗೆ, ಬಡಿಸುವ ಕೆಲಸ ಕಲಿಸಿ ಹೋಟೆಲ್ ನಡೆಸುತ್ತದೆ. ಹೋಗಿ ಊಟ ಮಾಡಿ, ಅಷ್ಟು ಸಾಕು. ಮಕ್ಕಳು ಪ್ರವಾಸಿ ತಾಣಗಳಲ್ಲ ಎಂಬ ಅಭಿಯಾನವನ್ನು 2011ರಲ್ಲಿ ಆರಂಭಿಸಿದವರೂ ಅವರೇ. ನಿಮಗೆ ಪಾಠ ಹೇಳುವ ತರಬೇತಿ ಇದ್ದರೆ ಅಲ್ಲಿನ ಶಿಕ್ಷಕರಿಗೆ ಕಲಿಸಿ, ಆ ಶಿಕ್ಷಕರು ನೀವು ಹೊರಟುಹೋದ ಮೇಲೂ ಅಲ್ಲೇ ಇರುತ್ತಾರೆ. ನನ್ನ ಪ್ರಶ್ನೆ ಒಂದೇ, ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೇನೆ: ನಾನು ಹೋದ ಮೇಲೆ ಯಾರು?

ಆ ಪ್ರಶ್ನೆ ಹೊತ್ತುಕೊಂಡೇ ಮುಂದೆ ಬೊಲಿವಿಯಾಗೆ ಹೋದೆ. ಆ ದೇಶದ ಬಗ್ಗೆ ಎರಡು ಮಾತು. 2009ರಲ್ಲಿ ಸರ್ಕಸ್ಸಿನಲ್ಲಿ ಯಾವ ಪ್ರಾಣಿಯನ್ನೂ, ನಾಯಿ ಕುದುರೆಯನ್ನೂ ಸೇರಿಸಿ, ಬಳಸಬಾರದೆಂದು ಕಾನೂನು ಮಾಡಿದ ದೇಶ ಅದು. 2011ರಲ್ಲಿ ಸರ್ಕಸ್ಸುಗಳಿಂದ ಬಿಡಿಸಿದ 25 ಸಿಂಹಗಳನ್ನು ವಿಮಾನದಲ್ಲಿ ಅಮೆರಿಕದ ಕೊಲರಾಡೋಗೆ ಕಳಿಸಿದರು. 1992ರಲ್ಲಿ ಹುಟ್ಟಿದ ಇಂತಿ ವಾರಾ ಯಾಸ್ಸಿ ಎಂಬ ಸಂಸ್ಥೆ ಅಲ್ಲಿ ಇಂದಿಗೂ ಮನುಷ್ಯರಿಂದ ಬಿಡಿಸಿ ತಂದ ಕಾಡುಪ್ರಾಣಿಗಳನ್ನು ನೋಡಿಕೊಳ್ಳುತ್ತದೆ. ಹೆಸರು ಎಷ್ಟು ಚೆಂದ ನೋಡಿ: ಇಂತಿ ಅಂದರೆ ಕೆಚುವಾದಲ್ಲಿ ಸೂರ್ಯ, ವಾರಾ ಅಂದರೆ ಐಮಾರಾದಲ್ಲಿ ನಕ್ಷತ್ರ, ಯಾಸ್ಸಿ ಅಂದರೆ ಗ್ವಾರಾನಿಯಲ್ಲಿ ಚಂದ್ರ. ಮೂರು ಭಾಷೆ ಒಂದೇ ಹೆಸರಿನೊಳಗೆ.

ನಾನು ಕೆಲಸ ಮಾಡಿದ್ದು ಬೇರೊಂದು ಸಣ್ಣ ಕೇಂದ್ರದಲ್ಲಿ. ಒಂದು ತಿಂಗಳಿಗಿಂತ ಕಡಿಮೆ ಇರುವವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ ನಿಯಮ ಕೇಳಿದಾಗಲೇ ನನಗೆ ನಂಬಿಕೆ ಬಂತು. ಮೊದಲ ವಾರ ನಾನು ಕೋತಿಗಳ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಬೆಳಗ್ಗೆ ಪಪ್ಪಾಯಿ, ಬಾಳೆಹಣ್ಣು ಹೆಚ್ಚುವುದು, ಬೋಗುಣಿ ತೊಳೆಯುವುದು, ಪಂಜರದ ನೆಲ ಉಜ್ಜುವುದು, ಮಧ್ಯಾಹ್ನ ಮತ್ತೆ ಹೆಚ್ಚುವುದು. ಮಾಸ್ಕ್ ಹಾಕಿಕೊಂಡೇ ಎಲ್ಲಾ. ನಮಗೆ ತುಟಿಯ ಮೇಲೆ ಏಳುವ ಜ್ವರದ ಗುಳ್ಳೆ ಇದೆಯಲ್ಲ, ಅದರ ವೈರಸ್ ಆ ಖಂಡದ ಕೆಲವು ಸಣ್ಣ ಕೋತಿಗಳ ಜೀವ ತೆಗೆಯುತ್ತದೆ. ನಮ್ಮ ನೆಗಡಿ, ನಮ್ಮ ಕ್ಷಯ, ಎಲ್ಲವೂ ಅವಕ್ಕೆ ಅಂಟುತ್ತವೆ. ಮುದ್ದು ಮಾಡಿದಾಗ ನಾವು ಏನು ಕೊಡುತ್ತಿದ್ದೇವೆ ಎಂಬುದು ನಮಗೇ ಗೊತ್ತಿರುವುದಿಲ್ಲ.

ಎರಡನೇ ವಾರ ನನಗೆ ಒಂದು ಮರಿಮೋನೋ ಒಪ್ಪಿಸಿದರು. ಸ್ಪೈಡರ್ ಮಂಕಿಗೆ ಅಲ್ಲಿನವರು ಹೇಳುವ ಹೆಸರು. ಕಪ್ಪು ಮೈ, ಉದ್ದುದ್ದ ಕೈಕಾಲು, ಕೈಗೆ ಹೆಬ್ಬೆರಳೇ ಇಲ್ಲ. ಆ ಕೊರತೆಯನ್ನೆಲ್ಲ ಬಾಲ ತುಂಬಿಕೊಡುತ್ತದೆ. ಬಾಲದ ತುದಿಯ ಒಳಭಾಗದಲ್ಲಿ ಕೂದಲಿಲ್ಲ, ನಮ್ಮ ಅಂಗೈಯಂತೆ ಗೆರೆಗೆರೆಯ ಚರ್ಮ. ಅವಳು ಅದೇ ಬಾಲವನ್ನು ಜಾಲರಿಯಿಂದ ಹೊರಗೆ ಇಳಿಬಿಟ್ಟು ನನ್ನ ಜೇಬಿನ ಪೆನ್ನು ಎತ್ತಿದಳು. ಅತ್ತ ನೋಡುತ್ತಾ, ಏನೂ ಆಗಿಲ್ಲವೆನ್ನುವ ಹಾಗೆ! ಸಂಜೆ ಅವಳ ಬುಟ್ಟಿಯಲ್ಲಿ ಹುಡುಕಿದರೆ ಮೂರು ಪೆನ್ನು, ಒಂದು ಚಮಚ, ಯಾರದೋ ಕಾಲುಚೀಲ. ಕೇಂದ್ರದವರೆಲ್ಲ ಸೇರಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಸೊಂಟದ ಸುತ್ತ ಅವಳಿಗೆ ಕೂದಲು ಬೆಳೆಯುತ್ತಿರಲಿಲ್ಲ. ಒಂದು ಕುಡಿತದಂಗಡಿಯಲ್ಲಿ ವರ್ಷಗಟ್ಟಲೆ ಹಗ್ಗ ಕಟ್ಟಿಟ್ಟಿದ್ದ ಗುರುತು ಅದು. ಈ ಜಾತಿಯ ಹೆಣ್ಣು ಸುಮಾರು ಮೂರು ವರ್ಷಕ್ಕೆ ಒಂದೇ ಮರಿ ಹಾಕುತ್ತದೆ, ಮರಿ ತಾಯಿಯ ಮೈಗೇ ಅಂಟಿಕೊಂಡಿರುತ್ತದೆ. ಮರಿ ಬೇಕೆಂದವರು ಮರದ ಮೇಲಿನ ತಾಯಿಗೆ ಗುಂಡು ಹೊಡೆಯುತ್ತಾರೆ. ಮಾರುಕಟ್ಟೆಯಲ್ಲಿ ಕಾಣುವ ಒಂದೊಂದು ಮರಿಯ ಹಿಂದೆಯೂ ಸತ್ತ ತಾಯಿಯೊಂದಿದೆ.

ಅವಳು ಮನುಷ್ಯರು ಕಂಡರೆ ಓಡೋಡಿ ಬಂದು ಜಾಲರಿಗೆ ಎದೆಯೊತ್ತಿ ಕೈ ಚಾಚುತ್ತಿದ್ದಳು. ಥೇಟ್ ಆ ಗೇಟಿನ ಮಕ್ಕಳಂತೆ. ನನಗೆ ಎದೆ ಝಲ್ಲೆಂದಿತು. ಅಲ್ಲಿನ ಹಿರಿಯ ಪ್ರಾಣಿಪಾಲಕರು ಒಂದೇ ಮಾತು ಹೇಳಿದ್ದರು: ಕೈ ಹಿಡಿಯಬೇಡ. ಬೋಗುಣಿ ಇಡು, ಬೆನ್ನು ತಿರುಗಿಸಿ ಬಾ. ದಿನಕ್ಕೆ ಎರಡು ಬಾರಿ ಆ ಚಾಚಿದ ಕೈಗೆ ಬೆನ್ನು ತಿರುಗಿಸುವುದು ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ. ಪಕ್ಕದ ಪಂಜರದಲ್ಲಿ ಇನ್ನೊಂದು ಮುದಿ ಮರಿಮೋನೋ ಇತ್ತು. ನಡುವಿನ ಬಾಗಿಲನ್ನು ಮೊದಲು ಗೇಣಗಲ, ಆಮೇಲೆ ಮೊಳದಗಲ, ಆಮೇಲೆ ಪೂರ್ತಿ ತೆಗೆದರು. ಇಪ್ಪತ್ತಾರನೇ ದಿನ ನಾನು ಬೋಗುಣಿ ಹಿಡಿದು ಹೋದಾಗ ಅವಳು ಬರಲಿಲ್ಲ. ಮೇಲೆ ಹಗ್ಗದ ಮೇಲೆ ಆ ಮುದುಕಿಯ ಮಡಿಲಿಗೆ ತಲೆ ಕೊಟ್ಟು ಮಲಗಿದ್ದಳು, ಮುದುಕಿ ಅವಳ ಬೋಳು ಸೊಂಟದ ಸುತ್ತ ಹೇನು ಹೆಕ್ಕುತ್ತಿದ್ದಳು. ಪ್ರಾಣಿಪಾಲಕರು ದಿನಚರಿ ಪುಸ್ತಕ ತೆಗೆದು ಬರೆದರು: ಇವತ್ತು ಮನುಷ್ಯರ ಹತ್ತಿರ ಬರಲಿಲ್ಲ. ಆ ಪುಸ್ತಕದಲ್ಲಿ ಅಷ್ಟು ಸಂತೋಷದ ಸಾಲು ನಾನು ಬೇರೆ ಓದಿಲ್ಲ.

ಚೀಟಿ ಬಂತು, ಐದು ನಿಮಿಷ ಎನ್ನುತ್ತಿದ್ದಾರೆ. ಹಾಳೆಯಲ್ಲಿ ಇನ್ನೂ ಎಂಟು ಅಂಶಗಳಿವೆ, ಎರಡು ಮೂರನ್ನು ಓಡಿಸುತ್ತೇನೆ. ರೇಬಿಸ್ ಲಸಿಕೆಯನ್ನು ಹೊರಡುವ ಮೊದಲೇ ಹಾಕಿಸಿಕೊಳ್ಳಿ, ಕಚ್ಚಿದರೆ ಆಮೇಲೂ ಆಸ್ಪತ್ರೆಗೆ ಓಡಲೇಬೇಕು. ವೀಸಾ ವಿಚಾರ: ಥಾಯ್ಲೆಂಡಿನಲ್ಲಿ ಸಂಬಳವಿಲ್ಲದ ಕೆಲಸಕ್ಕೂ ಪರವಾನಗಿ ಬೇಕು, ನೇಪಾಳದಲ್ಲಿ ಪ್ರವಾಸಿ ವೀಸಾದ ಮೇಲೆ ಸ್ವಯಂಸೇವೆ ಮಾಡುವಂತಿಲ್ಲ. ಕೇಂದ್ರದವರು ದುಡ್ಡು ಕೇಳಿದರೆ ತಪ್ಪೇನಲ್ಲ, ಪ್ರಾಣಿಯ ಹೊಟ್ಟೆಗೆ ದಿನಾ ಬೇಕು, ಆ ದುಡ್ಡು ಎಲ್ಲಿಗೆ ಹೋಗುತ್ತದೆಂದು ಲೆಕ್ಕ ಕೇಳಿ. ಮರಿ ಹಾಕಿಸುತ್ತಾರೆಯೇ ಎಂದು ಕೇಳಿ. ಹೌದೆಂದರೆ, ಆ ಮರಿಗಳನ್ನು ಯಾವ ಕಾಡಿಗೆ ಬಿಡುತ್ತೀರಿ ಎಂದು ಮುಂದಿನ ಪ್ರಶ್ನೆ ಹಾಕಿ, ಕಾಡಿನ ಹೆಸರು ಹೇಳಲಾರದವರನ್ನು ಬಿಟ್ಟು ಮುಂದಿನ ಬಸ್ಸು ಹತ್ತಿ. ಫೋಟೋ ಬಗ್ಗೆ ದೊಡ್ಡ ಭಾಗವೇ ಬರೆದಿದ್ದೆ. ಕೋತಿಯ ಪಕ್ಕ ಮನುಷ್ಯ ಇರುವ ಚಿತ್ರ ಹಂಚಿದರೆ ಕೋತಿ ಸಾಕುವ ಆಸೆ ಹಬ್ಬುತ್ತದೆ. ಅಷ್ಟೇ ಹೇಳಿ ಬಿಡುತ್ತೇನೆ.

ಕೊನೆಗೆ ಒಂದು ಸಂಗತಿ, ಇದನ್ನು ಬಿಡಲಾರೆ. ಬೊಲಿವಿಯಾದಿಂದ ಹೊರಡುವ ಮುನ್ನಾದಿನ ಪ್ರಾಣಿಪಾಲಕರು ನನಗೆ ಒಂದು ನೋಟ್‌ಬುಕ್ ಕೊಟ್ಟರು. ಮುಂದೆ ಬರುವವರಿಗೆ ಬೇಕಾದ್ದನ್ನು ಬರೆದಿಡು ಎಂದರು. ಮರಿಮೋನೋ ಯಾವ ಹೊತ್ತಿಗೆ ತಿನ್ನುತ್ತಾಳೆ, ಯಾವ ಹಣ್ಣನ್ನು ಎಸೆಯುತ್ತಾಳೆ, ಬಾಲ ಹೇಗೆ ಸುತ್ತಿದರೆ ಹೆದರಿದ್ದಾಳೆ, ರಾತ್ರಿ ಕೂತು ನಾಲ್ಕು ಪುಟ ಬರೆದೆ. ಹೋದ ವರ್ಷ ಅಲ್ಲಿಂದ ಒಬ್ಬರು ಆ ನೋಟ್‌ಬುಕ್ಕಿನ ಫೋಟೋ ಕಳಿಸಿದರು. ನನ್ನ ನಾಲ್ಕು ಪುಟದ ನಂತರ ಬೇರೆ ಬೇರೆ ಕೈಬರಹ, ಸ್ಪ್ಯಾನಿಷ್, ಇಂಗ್ಲಿಷ್, ಹೀಬ್ರೂ. ಪಪ್ಪಾಯಿಯ ಸಾಲನ್ನು ಯಾರೋ ಹೊಡೆದುಹಾಕಿದ್ದಾರೆ, ಈಗ ಅವಳಿಗೆ ಅದು ಸೇರುವುದಿಲ್ಲವಂತೆ. ಎಡಗಡೆಯ ಚಿಲಕ ಸಿಕ್ಕಿಕೊಳ್ಳುತ್ತದೆ, ಸ್ವಲ್ಪ ಮೇಲಕ್ಕೆತ್ತಿ ತಳ್ಳಿ ಎಂಬ ಸಾಲು ಮಾತ್ರ ಹಾಗೇ ಇತ್ತು. ಅದರ ಕೆಳಗೆ ಯಾರೋ ಎರಡು ಗೆರೆ ಎಳೆದಿದ್ದರು.