ವಿಎಂ ಒಳಗಿನ ಗಡಿಯಾರವನ್ನು ಯಾರು ನಡೆಸಬೇಕು?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ಈ ಬಿಸಿಲಲ್ಲಿ ನವನಗರದವರೆಗೂ ಬಂದಿದ್ದೀರಿ, ಥ್ಯಾಂಕ್ಸ್. ಮುಧೋಳ, ಜಮಖಂಡಿ ಕಡೆಯವರು ಜಾಸ್ತಿ ಇದ್ದೀರಿ. ಹಾಗಾಗಿ ಸಕ್ಕರೆ ಕಾರ್ಖಾನೆಯಿಂದಲೇ ಶುರು ಮಾಡುತ್ತೇನೆ.

ಒಂದು ತೂಕದ ಚೀಟಿ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಟ್ರ್ಯಾಕ್ಟರ್ ಕಬ್ಬು ಹೇರಿಕೊಂಡು ಒಳಬರುವ ಕಾಟಾ ಮೇಲೆ ನಿಂತದ್ದು ರಾತ್ರಿ 10:51ಕ್ಕೆ. ಅದೇ ಗಾಡಿ ಕಬ್ಬು ಇಳಿಸಿ ಖಾಲಿ ತೂಕ ಕೊಟ್ಟದ್ದು 10:42ಕ್ಕೆ! ಕಬ್ಬು ಬರುವ ಮೊದಲೇ ಇಳಿದುಬಿಟ್ಟಿದೆ. ಹಂಗಾಮಿನಲ್ಲಿ ರಾತ್ರಿಯಿಡೀ ಸಾಲಲ್ಲಿ ನಿಂತ ರೈತ ಈ ಚೀಟಿ ನೋಡಿದರೆ ತೂಕವನ್ನೂ ನಂಬುವುದಿಲ್ಲ. ಅವನ ತಪ್ಪೂ ಅಲ್ಲ, ಅಲ್ವಾ?

ಹೀಗಾಗುವುದು ಹೇಗೆ? ಒಳಬರುವ ಕಾಟಾ ಪಕ್ಕ ಒಂದು ಮಾಮೂಲಿ ಡೆಸ್ಕ್‌ಟಾಪ್ ಇದೆ, ಅದಕ್ಕೆ ಅದರದೇ ಗಡಿಯಾರ. ಹೊರಹೋಗುವ ಕಾಟಾದ ಸಮಯ ಮಾತ್ರ ಸರ್ವರ್ ಕೋಣೆಯ ವರ್ಚುವಲ್ ಮಷೀನ್‌ನಿಂದ, ಅಂದರೆ ವಿಎಂನಿಂದ ಬರುತ್ತದೆ. ವಿಎಂ ಅಂದರೆ ನಿಜವಾದ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್. ಹೊರಗಿನದಕ್ಕೆ ಹೋಸ್ಟ್, ಒಳಗಿನದಕ್ಕೆ ಗೆಸ್ಟ್ ಅನ್ನುತ್ತೇವೆ. ಸಂಜೆ ಒಂದು ಗಂಟೆಗೂ ಹೆಚ್ಚು ಹೊತ್ತು ಕರೆಂಟ್ ಇರಲಿಲ್ಲ. ಯುಪಿಎಸ್ ಬ್ಯಾಟರಿ ಇಳಿಯಿತು, ಹೋಸ್ಟ್ ತಾನಾಗಿಯೇ ಶಟ್‌ಡೌನ್ ಆಯಿತು. ಕರೆಂಟ್ ಬಂದ ಮೇಲೆ ವಿಎಂ ಮತ್ತೆ ಓಡತೊಡಗಿತು. ಆದರೆ ಅದು ಹೊಸದಾಗಿ ಬೂಟ್ ಆಗಲಿಲ್ಲ. ಶಟ್‌ಡೌನ್ ಹೊತ್ತಿಗೆ ಹೋಸ್ಟ್ ಅದರ ಮೆಮೊರಿಯನ್ನು ಡಿಸ್ಕ್‌ಗೆ ಬರೆದಿಟ್ಟಿತ್ತು, ಈಗ ಅದನ್ನೇ ಎತ್ತಿ ಮುಂದುವರಿಸಿತು. ಮೆಮೊರಿಯ ಜೊತೆಗೆ ಹಳೆಯ ಸಮಯವೂ ಬಂತು. ನಿಜವಾದ ಹೊತ್ತು 11:42, ವಿಎಂ ಪ್ರಕಾರ 10:42.

ಇದು ಯಾರೋ ವಿಚಿತ್ರ ಸೆಟ್ಟಿಂಗ್ ಹಾಕಿದ್ದರಿಂದ ಆಗುವುದಲ್ಲ. ವಿಎಂಗಳನ್ನು ಓಡಿಸುವ ಮೈಕ್ರೋಸಾಫ್ಟ್‌ನ ಸಾಫ್ಟ್‌ವೇರ್ ಹೈಪರ್-ವಿಯಲ್ಲಿ ಹೋಸ್ಟ್ ನಿಂತಾಗ ವಿಎಂ ಅನ್ನು ಸೇವ್ ಮಾಡುವುದೇ ಡೀಫಾಲ್ಟ್. ಲಿನಕ್ಸ್‌ನಲ್ಲಿ ವಿಎಂಗಳನ್ನು ಓಡಿಸುವುದು ಕೆವಿಎಂ. ರೆಡ್ ಹ್ಯಾಟ್ ಕುಟುಂಬದ ಕೆವಿಎಂ ಹೋಸ್ಟ್‌ಗಳಲ್ಲಿ ಲಿಬ್‌ವರ್ಟ್-ಗೆಸ್ಟ್ಸ್ ಸೇವೆಯೂ ಸಾಮಾನ್ಯವಾಗಿ ಸಸ್ಪೆಂಡ್, ಅಂದರೆ ಹೀಗೇ ಸೇವ್ ಮಾಡುತ್ತದೆ. ಪುಸ್ತಕಗಳಲ್ಲಿ ಗಡಿಯಾರದ ಸಮಸ್ಯೆ ಅಂದರೆ ಮಿಲಿಸೆಕೆಂಡ್‌ಗಳ ಲೆಕ್ಕ ಬರುತ್ತದೆ. ನಮ್ಮ ಕಡೆ ಗಂಟೆಗಟ್ಟಲೆ ತಪ್ಪಿಗೆ ಮೊದಲು ನೋಡಬೇಕಾದದ್ದು ಕರೆಂಟ್ ಮತ್ತು ಸ್ನ್ಯಾಪ್‌ಶಾಟ್, ಅಂದರೆ ವಿಎಂನ ಒಂದು ಹೊತ್ತಿನ ಸ್ಥಿತಿಯನ್ನು ಹಾಗೇ ತೆಗೆದಿಟ್ಟ ಪ್ರತಿ.

ಈಗ ಸ್ವಲ್ಪ ಒಳಗೆ ಹೋಗೋಣ. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಓಡುವುದು ಮದರ್‌ಬೋರ್ಡ್ ಮೇಲಿನ ಬ್ಯಾಟರಿ ಗಡಿಯಾರ. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಹದಿನೈದು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ ಅದು, ಆದ್ದರಿಂದ ಸುಲಭವಾಗಿ ಭಾಗಿಸಿ ಒಂದು ಸೆಕೆಂಡ್ ಪಡೆಯಬಹುದು. ಆಪರೇಟಿಂಗ್ ಸಿಸ್ಟಂ ಬೂಟ್ ಆಗುವಾಗ ಅದನ್ನು ಓದಿಕೊಂಡು ಆಮೇಲೆ ತಾನೇ ಎಣಿಸುತ್ತದೆ. ಹಳೆಯ ಪದ್ಧತಿ ತುಂಬಾ ಸರಳ: ಟೈಮರ್ ಚಿಪ್ ಸೆಕೆಂಡಿಗೆ 100 ಸಲ ಇಂಟರಪ್ಟ್ (ಪ್ರೊಸೆಸರ್‌ಗೆ 'ಇಲ್ಲಿ ನೋಡು' ಅನ್ನುವ ಸಂಕೇತ) ಕೊಡುತ್ತದೆ, ಪ್ರತಿ ಸಲ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಸೆಕೆಂಡಿನ ನೂರರಲ್ಲೊಂದು ಭಾಗ ಸೇರಿಸುತ್ತದೆ. ಈ ಒಂದೊಂದು ಇಂಟರಪ್ಟ್‌ಗೆ ಟಿಕ್ ಅನ್ನುತ್ತೇವೆ.

ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲಿ ಇದು ಚೆನ್ನಾಗಿ ನಡೆಯಿತು. ಹರಳು ಹತ್ತು ಲಕ್ಷಕ್ಕೆ 20 ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಅಷ್ಟೇ. ಆದರೆ ವಿಎಂನ ಸಿಪಿಯು ಅನ್ನುವುದು ಹೋಸ್ಟ್‌ನಲ್ಲಿ ಓಡುವ ಒಂದು ಥ್ರೆಡ್, ಅಂದರೆ ಅದರ ಹಲವು ಕೆಲಸಗಳಲ್ಲಿ ಒಂದು. ಎಂಟು ಕೋರ್ ಮೇಲೆ ನಲವತ್ತು ಸಿಪಿಯು ಹಂಚಿದ್ದರೆ ಸರದಿ ಕಾಯಲೇಬೇಕು. ತನ್ನನ್ನು ನಿಲ್ಲಿಸಿದ್ದು ಗೆಸ್ಟ್‌ಗೆ ಗೊತ್ತಾಗುವುದಿಲ್ಲ. ಆ ಹೊತ್ತಿನಲ್ಲಿ ಬರಬೇಕಿದ್ದ ಟಿಕ್‌ಗಳನ್ನು ಏನು ಮಾಡುವುದು? ಬಿಟ್ಟುಬಿಟ್ಟರೆ ಗಡಿಯಾರ ಹಿಂದೆ ಬೀಳುತ್ತದೆ. ಕೂಡಿಟ್ಟು ಆಮೇಲೆ ದಬದಬ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಆದರೆ ಅಲ್ಲಿಯವರೆಗೆ ಸಮಯ ಹಿಂದಿರುತ್ತದೆ, ನಂತರ ಓಡೋಡಿ ಬರುತ್ತದೆ.

ಲಿನಕ್ಸ್ 2.6ರಲ್ಲಿ ಟಿಕ್ 100ರಿಂದ 1000ಕ್ಕೆ ಏರಿತು. ಡೆಸ್ಕ್‌ಟಾಪ್‌ಗೆ ಒಳ್ಳೆಯದಾಯಿತು. ವಿಎಂಗಳಿಗೆ ಮಾತ್ರ ಗ್ರಹಚಾರ. ಸುಮ್ನೆ ಕೂತ ಇಪ್ಪತ್ತು ವಿಎಂಗಳಿದ್ದರೂ ಹೋಸ್ಟ್ ಸೆಕೆಂಡಿಗೆ 20,000 ಇಂಟರಪ್ಟ್ ತಲುಪಿಸಬೇಕು. 2.6.13ರಲ್ಲಿ ಡೀಫಾಲ್ಟ್ ಅನ್ನು 250ಕ್ಕೆ ಇಳಿಸಿದರು.

ಆ ಕಾಲದ ಒಂದು ತಮಾಷೆ ಹೇಳಲೇಬೇಕು. ಕೆಲವು ವಿಎಂಗಳ ಗಡಿಯಾರ ಹಿಂದೆ ಬೀಳುವ ಬದಲು ಮುಂದೆ ಓಡುತ್ತಿತ್ತು! ಕಾರಣ, ಇಬ್ಬರೂ ಬುದ್ಧಿವಂತರಾಗಿದ್ದರು. 'ಟಿಕ್ ತಪ್ಪಿದೆ' ಅಂತ ಗೆಸ್ಟ್ ಕರ್ನಲ್ ತಾನೇ ಕಂಡುಹಿಡಿದು ಸಮಯ ಸೇರಿಸಿಕೊಂಡಿತು. ಕೆಳಗೆ ಹೈಪರ್‌ವೈಸರ್, ಅಂದರೆ ಹೋಸ್ಟ್‌ನಲ್ಲಿ ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್, ಅದೇ ಟಿಕ್‌ಗಳನ್ನು ಕೂಡಿಟ್ಟು ಆಮೇಲೆ ತಂದುಕೊಟ್ಟಿತು. ಒಂದೇ ನಷ್ಟಕ್ಕೆ ಎರಡು ಸಲ ಪರಿಹಾರ. ಬೇರೆಬೇರೆಯಾಗಿ ನೋಡಿದರೆ ಇಬ್ಬರೂ ಸರಿ, ಒಟ್ಟಿಗೆ ಸೇರಿದರೆ ತಪ್ಪು. ಇವತ್ತು ಬರುವ ತೊಂದರೆಗಳಲ್ಲೂ ಅರ್ಧಕ್ಕರ್ಧ ಇದೇ ಜಾತಿಯವು.

ಎಣಿಸುವುದನ್ನೇ ಬಿಟ್ಟು, ಬೇಕಾದಾಗ ಓದಿಕೊಳ್ಳುವುದು ಇದಕ್ಕೆ ಸರಿಯಾದ ಮದ್ದು. ಪೆಂಟಿಯಂ ಕಾಲದಿಂದ ಪ್ರೊಸೆಸರ್‌ನಲ್ಲಿ ಟಿಎಸ್‌ಸಿ ಅನ್ನುವ ಎಣಿಕೆಯ ರಿಜಿಸ್ಟರ್ ಇದೆ. ಮೊದಲು ಅದು ಪ್ರೊಸೆಸರ್ ವೇಗ ಬದಲಾದಂತೆ ತನ್ನ ವೇಗವನ್ನೂ ಬದಲಿಸುತ್ತಿತ್ತು, ನಂಬುವಂತಿರಲಿಲ್ಲ. ಈಗಿನ ಸರ್ವರ್‌ಗಳಲ್ಲಿ ಅದು ಒಂದೇ ವೇಗದಲ್ಲಿ ಓಡುತ್ತದೆ. ವಿಎಂ ನಿಂತಿದ್ದರೂ ಅದು ನಿಲ್ಲುವುದಿಲ್ಲ. ಎದ್ದ ಕೂಡಲೇ ಓದಿದರೆ ಎಷ್ಟು ಹೊತ್ತು ಕಳೆದಿದೆ ಅಂತ ಗೊತ್ತಾಗುತ್ತದೆ.

ಆದರೆ ಓಡುತ್ತಿರುವಾಗಲೇ ವಿಎಂ ಅನ್ನು ಬೇರೆ ಹೋಸ್ಟ್‌ಗೆ ದಾಟಿಸಿದರೆ? ಅಲ್ಲಿನ ಟಿಎಸ್‌ಸಿ ವೇಗ ಬೇರೆ ಇರಬಹುದು. ಇದಕ್ಕೆ ಕೆವಿಎಂನಲ್ಲಿ ಕೆವಿಎಂ-ಕ್ಲಾಕ್ ಇದೆ. ಹೋಸ್ಟ್ ಮತ್ತು ಗೆಸ್ಟ್ ಇಬ್ಬರಿಗೂ ಕಾಣುವ ಒಂದು ಚಿಕ್ಕ ಮೆಮೊರಿ ಜಾಗ. ಹೋಸ್ಟ್ ಅಲ್ಲಿ ಬರೆಯುತ್ತದೆ: ಟಿಎಸ್‌ಸಿ ಇಷ್ಟಿದ್ದಾಗ ಸಮಯ ಇಷ್ಟಿತ್ತು, ಎಣಿಕೆಯನ್ನು ನ್ಯಾನೋಸೆಕೆಂಡ್ ಮಾಡಲು ಇಷ್ಟರಿಂದ ಗುಣಿಸು. ಜೊತೆಗೆ ಒಂದು ಆವೃತ್ತಿ ಸಂಖ್ಯೆ. ಬರೆಯುವುದು ಅರ್ಧಕ್ಕೆ ಇರುವಾಗ ಆ ಸಂಖ್ಯೆ ಬೆಸ, ಮುಗಿದ ಮೇಲೆ ಸಮ. ಬೆಸ ಕಂಡರೆ ಗೆಸ್ಟ್ ಮತ್ತೆ ಓದುತ್ತದೆ. ಬೀಗವಿಲ್ಲ, ಹೋಸ್ಟ್‌ಗೆ ಕರೆ ಮಾಡುವ ಖರ್ಚಿಲ್ಲ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಹೈಪರ್-ವಿಯಲ್ಲೂ ಇಂಥದೇ ಒಂದು ಪುಟ ಇದೆ. ನಿಮ್ಮ ವಿಎಂನಲ್ಲಿ ಕ್ಲಾಕ್‌ಸೋರ್ಸ್, ಅಂದರೆ ಸಮಯ ಓದಿಕೊಳ್ಳುವ ಮೂಲ, ಏನಿದೆ ಅಂತ ನೋಡಿ. ಕೆವಿಎಂ ಮೇಲೆ ಇದ್ದೂ ಎಚ್‌ಪಿಇಟಿ ಅಥವಾ ಎಸಿಪಿಐ ಅನ್ನುವ ಮದರ್‌ಬೋರ್ಡ್ ಟೈಮರ್ ತೋರಿಸಿದರೆ ಏನೋ ಎಡವಟ್ಟಾಗಿದೆ.

ಇಷ್ಟಾದರೆ ಸಮಯ ಸರಿಯಾದ ವೇಗದಲ್ಲಿ ನಡೆಯುತ್ತದೆ. ಈಗ ಗಂಟೆ ಎಷ್ಟು ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಎನ್‌ಟಿಪಿ, ನೆಟ್‌ವರ್ಕ್ ಮೂಲಕ ಬೇರೆ ಸರ್ವರ್‌ನಿಂದ ಸಮಯ ಕೇಳಿ ಹೊಂದಿಸಿಕೊಳ್ಳುವ ವಿಧಾನ. ಡೇವಿಡ್ ಮಿಲ್ಸ್ ಅವರು 1985ರಲ್ಲಿ ಬರೆದ ಪ್ರೋಟೋಕಾಲ್, ಇವತ್ತಿಗೂ ಓಡುತ್ತಿದೆ.

ವಿಜಯಪುರದ ಗೋಲಗುಮ್ಮಟ ಹತ್ತದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಮೇಲಿನ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಎದುರು ಗೋಡೆಗೆ ಹೋಗಿ ವಾಪಸ್ ಬರುತ್ತದೆ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್, ಶಬ್ದ ಒಂದು ದಾರಿಗೆ ಸೆಕೆಂಡಿನ ಒಂಬತ್ತರಲ್ಲೊಂದು ಪಾಲು ತೆಗೆದುಕೊಳ್ಳುತ್ತದೆ. ಹೋಗಿಬಂದ ಹೊತ್ತನ್ನು ಅಳೆದು ಅರ್ಧ ಮಾಡಿದರೆ ಒಂದು ದಾರಿಯ ಹೊತ್ತು ಸಿಕ್ಕಿತು. ಎನ್‌ಟಿಪಿ ಮಾಡುವುದೂ ಇದನ್ನೇ. ಪ್ಯಾಕೆಟ್ ಹೊರಟಾಗ, ಸರ್ವರ್ ಮುಟ್ಟಿದಾಗ, ಅಲ್ಲಿಂದ ಹೊರಟಾಗ, ವಾಪಸ್ ಬಂದಾಗ, ಹೀಗೆ ನಾಲ್ಕು ಸಮಯ ಬರೆದುಕೊಂಡು, ಹೋಗುವ ದಾರಿ ಬರುವ ದಾರಿ ಸಮ ಅಂತ ನಂಬಿ ಲೆಕ್ಕ ಹಾಕುತ್ತದೆ.

ವಿಎಂನಲ್ಲಿ ಈ ನಂಬಿಕೆ ಕೈಕೊಡುತ್ತದೆ. ಉತ್ತರದ ಪ್ಯಾಕೆಟ್ ಬಂದು ಬಾಗಿಲಲ್ಲಿ ನಿಂತಿದೆ, ಆದರೆ ವಿಎಂನ ಸರದಿ ಬಂದಿಲ್ಲ. 40 ಮಿಲಿಸೆಕೆಂಡ್ ತಡವಾಗಿ ಗಡಿಯಾರ ನೋಡಿತು ಅಂದರೆ ಲೆಕ್ಕ 20 ಮಿಲಿಸೆಕೆಂಡ್ ತಪ್ಪುತ್ತದೆ. ತಪ್ಪಿದ್ದು ಗಡಿಯಾರ ಅಲ್ಲ, ಅಳತೆ. ಹೊರಗಿನ ಸರ್ವರ್ ಎಷ್ಟೇ ಒಳ್ಳೆಯದಿದ್ದರೂ ಇದು ಹೋಗುವುದಿಲ್ಲ. ಅದಕ್ಕೇ ಕೆವಿಎಂನಲ್ಲಿ ಇನ್ನೊಂದು ದಾರಿ ಮಾಡಿದರು. 2017ರ ಲಿನಕ್ಸ್ 4.11ರಿಂದ ಪಿಟಿಪಿ-ಕೆವಿಎಂ ಅನ್ನುವ ಮಾಡ್ಯೂಲ್ ಇದೆ. ಗೆಸ್ಟ್‌ನ ಕ್ರೋನಿ (ಎನ್‌ಟಿಪಿ ನಡೆಸುವ ಪ್ರೋಗ್ರಾಂ) ನೆಟ್‌ವರ್ಕ್ ಸುತ್ತದೆ ನೇರವಾಗಿ ಹೋಸ್ಟ್‌ನ ಗಡಿಯಾರವನ್ನೇ ಓದಬಹುದು. ಹೋಸ್ಟ್‌ನ ಸಮಯ ಸರಿ ಇದ್ದರೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕಿಲ್ಲ.

'ಸರಿ ಇದ್ದರೆ' ಅಂದೆ. ಅಲ್ಲೇ ಎಲ್ಲರೂ ಜಾರುವುದು. ಹತ್ತು ವಿಎಂಗಳಿಗೆ ಎನ್‌ಟಿಪಿ ಹಾಕಿ ಹೋಸ್ಟ್ ಅನ್ನು ಮರೆತಿರುತ್ತಾರೆ. ವಿಎಂವೇರ್ ಇನ್ನೊಂದು ಹೈಪರ್‌ವೈಸರ್. ಅದರ ಗೆಸ್ಟ್ ಒಳಗೆ ಹಾಕುವ ಸಹಾಯಕ ಸಾಫ್ಟ್‌ವೇರ್ ವಿಎಂವೇರ್ ಟೂಲ್ಸ್‌ನ ಆಗಾಗ ಸಮಯ ಹೊಂದಿಸುವ ಆಯ್ಕೆ ಡೀಫಾಲ್ಟ್ ಆಗಿ ಆಫ್ ಇರುತ್ತದೆ, ನೆಮ್ಮದಿಯಿಂದ ಇರುತ್ತೀರಿ. ಆದರೆ ಅದು ಆಫ್ ಇದ್ದರೂ ಸಸ್ಪೆಂಡ್‌ನಿಂದ ಎದ್ದಾಗ, ಸ್ನ್ಯಾಪ್‌ಶಾಟ್ ವಾಪಸ್ ಹಾಕಿದಾಗ, ವಿಎಂ ಬೇರೆ ಹೋಸ್ಟ್‌ಗೆ ಹೋದಾಗ ಒಂದು ಸಲ ಹೋಸ್ಟ್‌ನ ಸಮಯವನ್ನು ಹೇರುತ್ತದೆ. ಅದನ್ನೂ ನಿಲ್ಲಿಸಲು ಬೇರೆ ಸೆಟ್ಟಿಂಗ್ ಬೇಕು. ಎರಡು ತಿಂಗಳು ಸರಿ ಇದ್ದ ಗಡಿಯಾರ ಒಂದು ರಾತ್ರಿ ಮೈಗ್ರೇಷನ್ ಆದ ಮೇಲೆ ಏಳು ನಿಮಿಷ ಹಾರಿದರೆ ಮೊದಲು ಆ ಹೋಸ್ಟ್ ಕಡೆ ನೋಡಿ. ವಿಂಡೋಸ್ ಡೊಮೈನ್, ಅಂದರೆ ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ಏರ್ಪಾಡು ಇದ್ದರೆ ಇನ್ನೂ ಕಷ್ಟ. ಅಲ್ಲಿ ಲಾಗಿನ್ ಪರಿಶೀಲಿಸುವ ಕರ್ಬರೋಸ್ ಐದು ನಿಮಿಷದ ವ್ಯತ್ಯಾಸದವರೆಗೆ ಸಹಿಸುತ್ತದೆ, ಆಮೇಲೆ ಯಾರೂ ಲಾಗಿನ್ ಆಗಲಾರರು. ಡೊಮೈನ್ ನಡೆಸುವ ಸರ್ವರ್, ಅಂದರೆ ಡೊಮೈನ್ ಕಂಟ್ರೋಲರ್, ವಿಎಂ ಆಗಿದ್ದರೆ ಅದು ಹೋಸ್ಟ್‌ನಿಂದ ಸಮಯ ಪಡೆಯುತ್ತದೆ, ಹೋಸ್ಟ್ ಅದೇ ಡೊಮೈನ್‌ನಿಂದ ಪಡೆಯುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನಂಬಿಕೊಂಡು ನೆಮ್ಮದಿಯಾಗಿ ತಪ್ಪು ದಾರಿಯಲ್ಲಿ ಹೋಗುತ್ತಾರೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಒಂದು ವಿಎಂನ ಗಡಿಯಾರ ತಿದ್ದುವ ಹಕ್ಕು ಒಬ್ಬರಿಗೇ ಇರಬೇಕು. ಕ್ರೋನಿಗೆ ಕೊಟ್ಟರೆ ಟೂಲ್ಸ್‌ನದನ್ನು ಪೂರ್ತಿ ತೆಗೆಯಿರಿ. ಟೂಲ್ಸ್‌ಗೆ ಕೊಟ್ಟರೆ ಎನ್‌ಟಿಪಿ ನಿಲ್ಲಿಸಿ. 'ಎರಡೂ ಇರಲಿ, ಒಂದು ಕೆಟ್ಟರೆ ಇನ್ನೊಂದು' ಅನ್ನುವುದು ಡಿಸ್ಕ್‌ಗೆ ಸರಿ, ಗಡಿಯಾರಕ್ಕೆ ಅಲ್ಲ.

ಈಗ ನಮ್ಮ ಕಾಟಾ ಸರ್ವರ್. ಅಲ್ಲಿ ಎನ್‌ಟಿಪಿ ಇದ್ದರೂ ತೊಂದರೆ ಆಗುತ್ತಿತ್ತಾ? ಆಗಬಹುದಿತ್ತು. ಹಳೆಯ ಎನ್‌ಟಿಪಿ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗೆ) 1000 ಸೆಕೆಂಡ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅದು ಗಾಬರಿಯಾಗಿ ತಾನೇ ನಿಂತುಬಿಡುತ್ತದೆ. ಒಂದು ಗಂಟೆ ಅಂದರೆ 3600. ಕ್ರೋನಿ ನಿಲ್ಲುವುದಿಲ್ಲ. ಆದರೆ ಅದರ ಸೆಟ್ಟಿಂಗ್‌ನಲ್ಲಿ ಎಷ್ಟೋ ಕಡೆ ಇರುವ ಮೇಕ್‌ಸ್ಟೆಪ್ ಸಾಲು 'ಮೊದಲ ಮೂರು ಅಳತೆಯಲ್ಲಿ ಮಾತ್ರ ಗಡಿಯಾರವನ್ನು ಒಮ್ಮೆಗೇ ಹಾರಿಸು' ಅನ್ನುತ್ತದೆ. ವಿಎಂ ಬೂಟ್ ಆಗಿಲ್ಲವಲ್ಲ, ಆ ಮೂರು ಯಾವತ್ತೋ ಮುಗಿದಿವೆ. ಹಾಗಾಗಿ ಗಡಿಯಾರವನ್ನು ಸ್ವಲ್ಪ ಜೋರಾಗಿ ಓಡಿಸಿ ಸರಿಮಾಡುತ್ತದೆ. ಅದರ ಡೀಫಾಲ್ಟ್ ಮಿತಿ ಹನ್ನೆರಡರಲ್ಲೊಂದು ಪಾಲು. ಒಂದು ಗಂಟೆ ತಿದ್ದಲು ಹನ್ನೆರಡು ಗಂಟೆ. ಬೆಳಗಾಗುವವರೆಗೂ ಚೀಟಿಗಳು ತಪ್ಪೇ.

ಮೂರರ ಜಾಗದಲ್ಲಿ ಮೈನಸ್ ಒಂದು ಹಾಕಿದರೆ ಯಾವಾಗ ಬೇಕಾದರೂ ಹಾರಿಸುತ್ತದೆ. ಸಸ್ಪೆಂಡ್ ಆಗಿ ಏಳುವ ವಿಎಂಗೆ ನಾನು ಇದನ್ನೇ ಹಾಕುತ್ತೇನೆ. ಡೇಟಾಬೇಸ್ ಇರುವ ವಿಎಂಗೆ ಮಾತ್ರ ಯೋಚಿಸಿ ಹಾಕಿ, ಸಮಯ ಹಿಂದಕ್ಕೆ ಹಾರುವುದು ಅದಕ್ಕೆ ಒಗ್ಗುವುದಿಲ್ಲ. ಅಲ್ಲಿ ಸಸ್ಪೆಂಡ್ ಅನ್ನೇ ತೆಗೆದು, ಹೋಸ್ಟ್ ನಿಂತಾಗ ಗೆಸ್ಟ್ ಪೂರ್ತಿ ಶಟ್‌ಡೌನ್ ಆಗುವಂತೆ ಮಾಡುವುದು ಮೇಲು. ಅಷ್ಟು ಹೊತ್ತು ಯುಪಿಎಸ್ ಬ್ಯಾಟರಿ ತಡೆಯುತ್ತದಾ ಅನ್ನುವುದನ್ನು ಹಂಗಾಮು ಶುರುವಾಗುವ ಮೊದಲೇ ಪರೀಕ್ಷಿಸಿ.

ಒಂದು ಸುಲಭದ ರೋಗ ಹೇಳಿಬಿಡುತ್ತೇನೆ. ಸಮಯ ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಎನ್‌ಟಿಪಿ ಮುಟ್ಟಬೇಡಿ. ವಿಂಡೋಸ್ ಬ್ಯಾಟರಿ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆ ಅಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ಅಂದುಕೊಳ್ಳುತ್ತದೆ. ಕೆವಿಎಂನಲ್ಲಿ ವಿಂಡೋಸ್ ಹಾಕಿದಾಗ ವಿಎಂನ ಸೆಟ್ಟಿಂಗ್‌ನಲ್ಲಿ ಕ್ಲಾಕ್ ಆಫ್‌ಸೆಟ್ ಅನ್ನು ಲೋಕಲ್‌ಟೈಮ್ ಮಾಡಿ, ಮುಗಿಯಿತು.

ಎಲ್ಲಾ ಸರಿಮಾಡಿದ ಮೇಲೂ ಒಂದು ಉಳಿಯುತ್ತದೆ. ಪ್ರೋಗ್ರಾಂ ಬರೆಯುವವರು ಇದನ್ನು ಕೇಳಿಸಿಕೊಳ್ಳಿ. ನಿಮ್ಮ ಕೋಡ್ ಸಮಯ ಓದಿತು, ಸರಿಯಾದ ಸಮಯವೇ ಸಿಕ್ಕಿತು. ಅದನ್ನು ಟೇಬಲ್‌ಗೆ ಬರೆಯುವಷ್ಟರಲ್ಲಿ ವಿಎಂ ಅರ್ಧ ಸೆಕೆಂಡ್ ನಿಂತಿತು. ಅಷ್ಟರಲ್ಲಿ ಇನ್ನೊಂದು ವಿಎಂ ತನ್ನ ಸಾಲು ಬರೆದಾಯಿತು. ಟಾಪ್ ಕಮಾಂಡ್‌ನಲ್ಲಿ ಸ್ಟೀಲ್ ಅಂಕಿ, ಅಂದರೆ ವಿಎಂ ಸರದಿಗೆ ಕಾದ ಹೊತ್ತಿನ ಪಾಲು, ಜಾಸ್ತಿ ಇದ್ದಷ್ಟೂ ಇದು ಜಾಸ್ತಿ. ಯಾವುದು ಮೊದಲು ಅನ್ನುವುದನ್ನು ಬೇರೆಬೇರೆ ವಿಎಂಗಳ ಸಮಯ ನೋಡಿ ತೀರ್ಮಾನಿಸಬೇಡಿ. ಡೇಟಾಬೇಸ್ ಕೊಡುವ ಕ್ರಮಸಂಖ್ಯೆ ಬಳಸಿ. ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯಲು ಮಾನೋಟಾನಿಕ್ ಗಡಿಯಾರ ಬಳಸಿ, ಅದು ಹಿಂದಕ್ಕೆ ಹೋಗುವುದಿಲ್ಲ.

ಸಮಯ ಎಲ್ಲಿಂದ ತರುವುದು ಅನ್ನುವುದಕ್ಕೆ ನಮ್ಮಲ್ಲಿ ಆದೇಶವೇ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ದೆಹಲಿಯ ಎನ್‌ಪಿಎಲ್ (ರಾಷ್ಟ್ರೀಯ ಭೌತಿಕ ಪ್ರಯೋಗಾಲಯ) ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರ್‌ಗಳಿಗೆ ಗಡಿಯಾರ ಹೊಂದಿಸಬೇಕು. ಲಾಗ್‌ಗಳನ್ನು 180 ದಿನ ಇಡಬೇಕು. ಲೀಪ್ ಸೆಕೆಂಡ್, ಅಂದರೆ ಭೂಮಿಯ ತಿರುಗುವಿಕೆಗೆ ಹೊಂದಿಸಲು ಆಗೊಮ್ಮೆ ಈಗೊಮ್ಮೆ ಸೇರಿಸುವ ಸೆಕೆಂಡ್ ಬಗ್ಗೆ ಚಿಂತೆ ಬೇಡ. ಕೊನೆಯದು ಬಂದದ್ದು ನಮ್ಮ ಲೆಕ್ಕದಲ್ಲಿ 2017ರ ಜನವರಿ 1ರ ಬೆಳಿಗ್ಗೆ ಐದೂವರೆಗೆ ಮುಂಚೆ. 2035ರ ಹೊತ್ತಿಗೆ ಆ ಪದ್ಧತಿ ಬದಲಿಸಲು 2022ರಲ್ಲೇ ನಿರ್ಧಾರ ಆಗಿದೆ.

ಪ್ರಶ್ನೆ ಇದ್ದರೆ ಕೇಳಿ. 'ಸರ್, ನಮ್ಮ ಸರ್ವರ್ ಟೈಮ್ ತಪ್ಪುತ್ತಿದೆ' ಅಂತ ಶುರು ಮಾಡುವವರು ಮೊದಲು ಹೋಸ್ಟ್ ಯಾವುದು, ಅದರ ಗಡಿಯಾರ ಈಗ ಎಷ್ಟು ತೋರಿಸುತ್ತಿದೆ, ಅದನ್ನು ತಿದ್ದುತ್ತಿರುವವರು ಯಾರು, ಇಷ್ಟು ಹೇಳಿ.