ರಾಕೆಟ್ ಎಲ್ಲಿಂದ ಏರುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ. ಉಪಗ್ರಹ ಉಡಾವಣೆಯ ವ್ಯಾಪಾರದ ಬಗ್ಗೆ ಹೇಳಿ ಎಂದು ಕೇಂದ್ರದವರು ಕರೆದಿದ್ದಾರೆ. ಈ ವಿಷಯ ಬಂದರೆ ಸಾಕು, ರಾಕೆಟ್ ಎಷ್ಟು ದೊಡ್ಡದು, ಖರ್ಚೆಷ್ಟು ಎಂದೇ ಎಲ್ಲರೂ ಕೇಳುತ್ತಾರೆ. ದಯವಿಟ್ಟು ಇನ್ನೊಂದು ಪ್ರಶ್ನೆಯನ್ನೂ ಕೇಳಿ. ಅದು ಎಲ್ಲಿಂದ ಏರುತ್ತದೆ?

ಬೀಸುವ ಕಲ್ಲನ್ನು ನೋಡಿದ್ದೀರಲ್ಲ? ನಡುವಿನ ಗೂಟದ ಬಳಿ ವೇಗ ಕಡಿಮೆ, ಅಂಚಿನಲ್ಲಿ ಹೆಚ್ಚು. ಭೂಮಿಯದೂ ಅದೇ ಲೆಕ್ಕ. ಸಮಭಾಜಕ ವೃತ್ತದಲ್ಲಿ ನೆಲವೇ ಸೆಕೆಂಡಿಗೆ 465 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿರುತ್ತದೆ. ಅಲ್ಲಿಂದ ಹೊರಟ ರಾಕೆಟ್‌ಗೆ ಆ ವೇಗ ಪುಕ್ಕಟೆ. ನಿಮ್ಮ ಮನೆಯ ಟಿವಿಗೆ ಚಿತ್ರ ಕಳಿಸುವ ಉಪಗ್ರಹ ಇರುವುದೂ ಅದೇ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ನಮ್ಮ ಹಾಸನದ ನಿಯಂತ್ರಣ ಕೇಂದ್ರ ಹಗಲಿರುಳು ನೋಡಿಕೊಳ್ಳುವುದು ಇಂಥ ಉಪಗ್ರಹಗಳನ್ನೇ. ಕಜಾಕಸ್ತಾನದ ಬೈಕನೂರಿನಂಥ ಉತ್ತರದ ನೆಲೆಯಿಂದ ಹೊರಟರೆ ನಡುದಾರಿಯಲ್ಲಿ ದಿಕ್ಕು ಬಾಗಿಸಬೇಕು, ಅದಕ್ಕೇ ಇಂಧನ ಸುರಿಯಬೇಕು. ಆದ್ದರಿಂದ ಮತ್ತೆ ಹೇಳುತ್ತೇನೆ: ಎಲ್ಲಿಂದ ಏರುತ್ತದೆ ಎಂಬುದೇ ಮುಖ್ಯ.

ಇದನ್ನು ಚೆನ್ನಾಗಿ ಅರಿತವರು 1995ರಲ್ಲಿ 'ಸೀ ಲಾಂಚ್' ಎಂಬ ಜಂಟಿ ಕಂಪನಿ ಕಟ್ಟಿದರು. ಅಮೆರಿಕದ ಬೋಯಿಂಗ್, ರಷ್ಯಾದ ಎನರ್ಜಿಯಾ, ನಾರ್ವೆಯ ಹಡಗು ಕಂಪನಿ ಕ್ವಾರ್ನರ್, ಜೊತೆಗೆ ಜೆನಿಟ್ ರಾಕೆಟ್ ತಯಾರಿಸುವ ಉಕ್ರೇನಿನವರು. ಸಮಭಾಜಕ ವೃತ್ತದ ಮೇಲೆ ಇವರಿಗೆ ನೆಲವಿರಲಿಲ್ಲ. ಸಮುದ್ರಕ್ಕೇ ಹೋದರು!

ಸಮುದ್ರದಲ್ಲಿ ತೈಲ ಬಾವಿ ಕೊರೆಯುವ ದೈತ್ಯ ತೇಲುವೇದಿಕೆಯೊಂದನ್ನು ಉಡಾವಣಾ ವೇದಿಕೆಯಾಗಿ ಮಾರ್ಪಡಿಸಿ 'ಒಡಿಸ್ಸಿ' ಎಂದು ಹೆಸರಿಟ್ಟರು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಂದರಿನಲ್ಲಿ ರಾಕೆಟನ್ನು ಅಡ್ಡಡ್ಡ ಮಲಗಿಸಿ ಒಳಗಿಡುತ್ತಿದ್ದರು. ಹನ್ನೊಂದು ಹನ್ನೆರಡು ದಿನಗಳ ಪ್ರಯಾಣದ ಬಳಿಕ ಪೆಸಿಫಿಕ್ ಸಾಗರದ ನಟ್ಟನಡುವೆ, ಪಶ್ಚಿಮ ರೇಖಾಂಶ 154 ಡಿಗ್ರಿಯಲ್ಲಿ ನಿಲುಗಡೆ. ಅಲೆಗೆ ಅಲುಗದಂತೆ ಕಾಲುಗಳೊಳಗೆ ನೀರು ತುಂಬಿ ವೇದಿಕೆಯನ್ನು ಕೆಳಗಿಳಿಸುವುದು, ರಾಕೆಟನ್ನು ನೆಟ್ಟಗೆ ನಿಲ್ಲಿಸುವುದು. ಆಮೇಲೆ ಎಲ್ಲರೂ ವೇದಿಕೆ ಬಿಟ್ಟು, ಕೆಲವು ಕಿಲೋಮೀಟರ್ ದೂರದ ನಿಯಂತ್ರಣ ಹಡಗಿಗೆ ಹೋಗಿಬಿಡುತ್ತಿದ್ದರು. ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕವನ್ನು ಯಂತ್ರಗಳೇ ತುಂಬುತ್ತಿದ್ದವು.

2007ರ ಜನವರಿ 30. ಎಣಿಕೆ ಸೊನ್ನೆಗೆ ಬಂತು, ಎಂಜಿನ್ ಹೊತ್ತಿತು, ಮರುಕ್ಷಣವೇ ರಾಕೆಟ್ ಕುಸಿದು ಸಿಡಿಯಿತು. ಬೆಂಕಿಯ ಉಂಡೆ ವೇದಿಕೆಯನ್ನೇ ನುಂಗಿತು. ಎನ್‌ಎಸ್‌ಎಸ್-8 ಎಂಬ ಸಂಪರ್ಕ ಉಪಗ್ರಹ ಸುಟ್ಟುಹೋಯಿತು. ರಾಕೆಟ್‌ನ ಜ್ವಾಲೆಯನ್ನು ಪಕ್ಕಕ್ಕೆ ತಿರುಗಿಸುವ ಭಾರಿ ಉಕ್ಕಿನ ರಚನೆ ಕಳಚಿ ಸಮುದ್ರದ ಪಾಲಾಯಿತು. ಒಬ್ಬರಿಗೂ ಗಾಯವಿಲ್ಲ! ಗಾಯವಾಗಲು ಅಲ್ಲಿ ಯಾರಿದ್ದರು? ಸುತ್ತ ಊರಿಲ್ಲ, ಕೇರಿಯಿಲ್ಲ. ಒಡಿಸ್ಸಿ ತನ್ನ ಕಾಲ ಮೇಲೆ ನಿಂತೇ ಇತ್ತು. ರಿಪೇರಿ ಮುಗಿಸಿಕೊಂಡು, ಒಂದು ವರ್ಷ ತುಂಬುವ ಮೊದಲೇ, 2008ರ ಜನವರಿಯಲ್ಲಿ ಅದೇ ವೇದಿಕೆಯಿಂದ ಥುರಾಯಾ-3 ಉಪಗ್ರಹ ಯಶಸ್ವಿಯಾಗಿ ಏರಿತು. ಈ ಘಟನೆಯನ್ನು ನಾನು ಎಷ್ಟು ಬಾರಿ ಹೇಳಿದರೂ ನನಗೆ ದಣಿವಾಗುವುದಿಲ್ಲ. ಜಾಗ ಸರಿಯಿದ್ದರೆ ಸೋಲೂ ಜೀವ ತೆಗೆಯುವುದಿಲ್ಲ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. 2009ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಮರುವರ್ಷ ರಷ್ಯನ್ನರ ಕೈಗೆ ಹೋಯಿತು. 2014ರ ಮೇ ತಿಂಗಳದೇ ಕೊನೆಯ ಹಾರಾಟ. ರಾಕೆಟ್ ಉಕ್ರೇನಿನದು, ಅದರ ಎಂಜಿನ್ ರಷ್ಯಾದ್ದು. ಆ ಎರಡು ದೇಶಗಳೇ ಹಗೆಗಳಾದ ಮೇಲೆ ಇನ್ನೇನು ಹಾರೀತು? ಆದರೂ ಒಟ್ಟು 36 ಉಡಾವಣೆಗಳಲ್ಲಿ ಪೂರ್ತಿ ಸೋತದ್ದು ಮೂರೇ. ಅವರು ಆರಿಸಿದ ಜಾಗದಲ್ಲಿ ತಪ್ಪಿರಲಿಲ್ಲ.

ನಮ್ಮ ದೇಶಕ್ಕೂ ಈ ಮಾತು ಸಲ್ಲುತ್ತದೆ. ಧ್ರುವಗಳ ಮೇಲೆ ಹಾದು ಸುತ್ತುವ ಉಪಗ್ರಹವನ್ನು ಹೊತ್ತು ಶ್ರೀಹರಿಕೋಟಾದಿಂದ ದಕ್ಷಿಣಕ್ಕೆ ಹೋಗುವ ರಾಕೆಟ್ ಶ್ರೀಲಂಕಾವನ್ನು ಬಳಸಿಕೊಂಡು ಸಾಗಬೇಕು. ಸಣ್ಣ ರಾಕೆಟ್‌ಗೆ ಆ ಸುತ್ತು ಬಲು ದುಬಾರಿ. ಅದಕ್ಕೆಂದೇ ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಎರಡನೇ ಉಡಾವಣಾ ನೆಲೆಗೆ 2024ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಯಿತು. ವಿದ್ಯಾರ್ಥಿಗಳೇ, ಇವತ್ತೇ ಭೂಪಟ ತೆರೆದು ಆ ಊರಿನಿಂದ ನೇರ ದಕ್ಷಿಣಕ್ಕೆ ಒಂದು ಗೆರೆ ಎಳೆಯಿರಿ. ಅಂಟಾರ್ಕ್ಟಿಕಾ ತಲಪುವವರೆಗೆ ಅದಕ್ಕೆ ನೆಲ ಅಡ್ಡ ಬರುವುದಿಲ್ಲ.