ಗಡಿಗಳನ್ನು ಮೈಮೇಲೆ ಹೊತ್ತ ವಿಮಾನ: ಕಲ್ಪಿತ ಲೋಕದ ಬಹುರಾಷ್ಟ್ರೀಯ ಕಂಪನಿಯೊಂದರ ಕುರಿತು

ಸಭೆಯಲ್ಲಿರುವ ಬರಹಗಾರ ಮಿತ್ರರೆಲ್ಲರಿಗೂ ನಮಸ್ಕಾರ.

ಕಲ್ಪಿತ ಲೋಕವೊಂದನ್ನು ಕಟ್ಟುವವರು ಅದರೊಳಗೆ ವಿಮಾನ ತಯಾರಿಸುವ ಬಹುರಾಷ್ಟ್ರೀಯ ಕಂಪನಿಯೊಂದನ್ನು ತರಲು ಹೊರಟಾಗ ಸಾಮಾನ್ಯವಾಗಿ ಹೆಸರು, ಲಾಂಛನ, ಮಾದರಿಗಳ ಸಂಖ್ಯೆ, ವೇಗ, ಆಸನಗಳ ಲೆಕ್ಕ ಇವುಗಳಿಂದ ಆರಂಭಿಸುತ್ತಾರೆ. ಇವೆಲ್ಲ ಬೇಕಾದವೇ, ಆದರೆ ಇಷ್ಟನ್ನೇ ಬರೆದರೆ ಓದುಗನಿಗೆ ಸಿಗುವುದು ಮಾರಾಟದ ಕೈಪಿಡಿಯಂಥ ಒಂದು ಪಟ್ಟಿ. ಇಂಥ ಕಂಪನಿಯ ಸತ್ವವಿರುವುದು ವಿಮಾನದ ಒಂದು ಭಾಗ ಇನ್ನೊಂದು ಭಾಗವನ್ನು ಕೂಡುವ ಗೆರೆಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ರೆಕ್ಕೆ ಒಡಲನ್ನು ಸೇರುವ ಜಾಗದಲ್ಲಿ ಎರಡು ದೇಶಗಳ ಗಡಿಯಿದೆ, ಎರಡು ಖಜಾನೆಗಳಿವೆ, ಎರಡು ಕಾರ್ಮಿಕ ಸಂಘಗಳಿವೆ. ಆ ಗೆರೆಗಳನ್ನು ಮೊದಲು ಎಳೆದುಕೊಂಡರೆ ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ.

ಮಾತಿನ ಅನುಕೂಲಕ್ಕಾಗಿ ನಮ್ಮ ಕಲ್ಪಿತ ಲೋಕದಲ್ಲಿ ಮೂರು ದೇಶಗಳಿವೆ ಎಂದುಕೊಳ್ಳೋಣ: ಒಂದು ದ್ವೀಪದೇಶ, ಒಂದು ಬೆಟ್ಟದ ದೇಶ, ಒಂದು ನದಿಬಯಲಿನ ದೇಶ. ಹೆಸರುಗಳನ್ನು ನೀವೇ ಇಟ್ಟುಕೊಳ್ಳಿ. ಮೊದಲ ಪ್ರಶ್ನೆ, ಈ ಮೂರೂ ಒಟ್ಟಾಗಿ ವಿಮಾನ ಕಟ್ಟುವುದಾದರೂ ಏಕೆ? ಸ್ನೇಹಕ್ಕಾಗಿ ಎಂದರೆ ಯಾರೂ ನಂಬುವುದಿಲ್ಲ.

ನಾವು ಬದುಕುವ ನಿಜ ಲೋಕದ ಉತ್ತರ ಎರಡು ಸಂಖ್ಯೆಗಳಲ್ಲಿದೆ. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಟ್ರೈಡೆಂಟ್ ಮತ್ತು ಅಮೆರಿಕದ ಬೋಯಿಂಗ್ 727 ಸುಮಾರು ಒಂದು ವರ್ಷದ ಅಂತರದಲ್ಲಿ ಹಾರಿದವು. ಎರಡಕ್ಕೂ ಬಾಲದ ಕಡೆ ಮೂರು ಇಂಜಿನ್‌ಗಳು, ಎರಡೂ ಮಧ್ಯಮ ದೂರದ ಪ್ರಯಾಣಕ್ಕೆ. ಟ್ರೈಡೆಂಟನ್ನು ಒಂದು ದೇಶದ ಒಂದೇ ವಿಮಾನಯಾನ ಸಂಸ್ಥೆಯ ಅಳತೆಗೆ ಕತ್ತರಿಸಿ ಹೊಲಿದ ಅಂಗಿಯಂತೆ ಚಿಕ್ಕದಾಗಿಸಲಾಯಿತು. ಒಟ್ಟು 117 ವಿಮಾನಗಳು ತಯಾರಾದವು. 727ರ ಸಂಖ್ಯೆ 1,832ಕ್ಕೆ ಮುಟ್ಟಿತು. ವಿಮಾನ ತಯಾರಿಕೆಯಲ್ಲಿ ವಿನ್ಯಾಸ, ಅಚ್ಚುಗಳು, ಪರೀಕ್ಷೆಗಳ ಖರ್ಚು ಮೊದಲ ವಿಮಾನ ಮಾರಾಟವಾಗುವ ಮುನ್ನವೇ ಆಗಿಹೋಗಿರುತ್ತದೆ. ಅಲ್ಲದೆ ಸಂಖ್ಯೆ ಏರಿದಂತೆ ಕೆಲಸಗಾರರ ಕೈ ಪಳಗಿ, ಪ್ರತಿ ವಿಮಾನಕ್ಕೆ ಹಿಡಿಯುವ ಶ್ರಮ ಇಳಿಯುತ್ತದೆ. ನೂರರ ಲೆಕ್ಕದಲ್ಲಿ ಮಾರುವವನು ಸಾವಿರದ ಲೆಕ್ಕದಲ್ಲಿ ಮಾರುವವನ ಎದುರು ಬೆಲೆಯಲ್ಲಿ ನಿಲ್ಲಲಾರ. ಆದ್ದರಿಂದ ನಿಮ್ಮ ಲೋಕದಲ್ಲಿ ಸಮುದ್ರದಾಚೆ ಒಬ್ಬ ದೊಡ್ಡ ಎದುರಾಳಿ ಇರಲೇಬೇಕು, ಮತ್ತು ಮೂರು ದೇಶಗಳಲ್ಲಿ ಪ್ರತಿಯೊಂದೂ ಒಬ್ಬಂಟಿಯಾಗಿ ಒಮ್ಮೆಯಾದರೂ ಸೋತಿರಬೇಕು. ಸೋಲಿನ ಇತಿಹಾಸವಿಲ್ಲದ ಬಹುರಾಷ್ಟ್ರೀಯ ಕಂಪನಿ ಟೊಳ್ಳಾಗಿ ಕಾಣುತ್ತದೆ.

ಇನ್ನು ಸ್ಥಾಪನೆಗೆ ಬರೋಣ. ಯುರೋಪಿನ ವಿಮಾನ ತಯಾರಿಕಾ ಕಂಪನಿ ಏರ್‌ಬಸ್ಸಿನ ಮೊದಲ ವಿಮಾನವಾದ ಎ300 ಯೋಜನೆಗೆ 1967ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ ಮತ್ತು ಬ್ರಿಟನ್ ಸರ್ಕಾರಗಳು ಒಪ್ಪಿದ್ದವು. 1969ರ ಏಪ್ರಿಲ್‌ನಲ್ಲಿ ಬ್ರಿಟನ್ ಹಿಂದೆ ಸರಿಯಿತು. ಅದೇ ವರ್ಷದ ಮೇ 29ರಂದು, ಪ್ಯಾರಿಸ್ ಬಳಿಯ ಲ ಬೂರ್ಜೆ ವಿಮಾನ ಪ್ರದರ್ಶನದಲ್ಲಿ, ಫ್ರಾನ್ಸಿನ ಸಚಿವ ಜಾನ್ ಶಮಾಂ ಮತ್ತು ಜರ್ಮನಿಯ ಸಚಿವ ಕಾರ್ಲ್ ಶಿಲ್ಲರ್ ಇನ್ನೂ ಹುಟ್ಟದ ಆ ವಿಮಾನದ ಕ್ಯಾಬಿನ್ನಿನ ಮಾದರಿಯೊಂದರೊಳಗೆ ಕುಳಿತು ಒಪ್ಪಂದಕ್ಕೆ ಸಹಿ ಹಾಕಿದರು. ಇಲ್ಲೊಂದು ಸೊಗಸಾದ ವಿಪರ್ಯಾಸವಿದೆ. ಬ್ರಿಟಿಷ್ ಸರ್ಕಾರ ಹೊರನಡೆದರೂ ಬ್ರಿಟಿಷ್ ರೆಕ್ಕೆ ಹೊರಹೋಗಲಿಲ್ಲ. ಹಾಕರ್ ಸಿಡ್ಲಿ ಎಂಬ ಖಾಸಗಿ ಕಂಪನಿ ತನ್ನ ಹಣವನ್ನೂ ಹಾಕಿ ಗುತ್ತಿಗೆದಾರನಾಗಿ ಉಳಿಯಿತು, ಏಕೆಂದರೆ ಅಂಥ ರೆಕ್ಕೆಯ ವಿನ್ಯಾಸ ಬಲ್ಲವರು ಅಲ್ಲಿದ್ದರು. ನಮ್ಮ ದ್ವೀಪದೇಶಕ್ಕೆ ಈ ಸ್ಥಾನ ಚೆನ್ನಾಗಿ ಒಪ್ಪುತ್ತದೆ: ಮೇಜಿನ ಬಳಿ ಅದಕ್ಕೆ ಕುರ್ಚಿಯಿಲ್ಲ, ಆದರೆ ಅದರ ರೆಕ್ಕೆಯಿಲ್ಲದೆ ವಿಮಾನ ಏಳುವುದಿಲ್ಲ.

1970ರ ಡಿಸೆಂಬರ್ 18ರಂದು ಏರ್‌ಬಸ್ ಇಂಡಸ್ಟ್ರೀ ಔಪಚಾರಿಕವಾಗಿ ಹುಟ್ಟಿದಾಗ ಅದು ನಾವು ಇಂದು ಅರ್ಥ ಮಾಡಿಕೊಳ್ಳುವ ರೀತಿಯ ಕಂಪನಿಯಾಗಿರಲಿಲ್ಲ. ಫ್ರೆಂಚ್ ಕಾನೂನಿನಡಿ ರಚಿಸಿದ ಒಂದು ಆರ್ಥಿಕ ಕೂಟ ಅದು. ಫ್ರಾನ್ಸಿನ ಏರೋಸ್ಪಾಸಿಯಾಲ್ ಮತ್ತು ಜರ್ಮನಿಯ ಡಾಯ್ಚ ಏರ್‌ಬಸ್ ಅದರಲ್ಲಿ ಅರ್ಧರ್ಧ ಪಾಲು ಹೊಂದಿದ್ದವು. ಮರುವರ್ಷ ಸ್ಪೇನಿನ ಕಾಸಾ ಶೇ. 4.2 ಪಾಲಿನೊಂದಿಗೆ ಸೇರಿತು. 1979ರಲ್ಲಿ ಬ್ರಿಟಿಷ್ ಏರೋಸ್ಪೇಸ್ ಶೇ. 20 ಪಾಲು ಪಡೆದು ಒಳಬಂತು. ಕೂಟ ವಿಮಾನಗಳನ್ನು ಮಾರುತ್ತಿತ್ತು, ಆದರೆ ಕಾರ್ಖಾನೆಗಳೆಲ್ಲ ಪಾಲುದಾರರವು. ಇದರ ಪರಿಣಾಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ರತಿ ಪಾಲುದಾರನೂ ಏಕಕಾಲಕ್ಕೆ ಮಾಲೀಕ ಮತ್ತು ಸರಬರಾಜುದಾರ. ಮಾಲೀಕನಾಗಿ ಅವನಿಗೆ ಬಾಲದ ಬೆಲೆ ಕಡಿಮೆಯಿರಬೇಕು, ಏಕೆಂದರೆ ಆಗ ಕೂಟಕ್ಕೆ ಲಾಭ. ಬಾಲವನ್ನು ಮಾಡಿಕೊಡುವವನಾಗಿ ಅದೇ ಬೆಲೆ ಹೆಚ್ಚಿರಬೇಕು, ಏಕೆಂದರೆ ಆಗ ಲಾಭ ಪೂರ್ತಿಯಾಗಿ ತನ್ನದು. ತನ್ನ ಕಾರ್ಖಾನೆಯ ನಿಜವಾದ ಖರ್ಚನ್ನು ಇತರರೆದುರು ಬಿಚ್ಚಿಡಲು ಯಾರಿಗೂ ಮನಸ್ಸಿರಲಿಲ್ಲ. ಒಂದು ಇಡೀ ವಿಮಾನಕ್ಕೆ ತಗಲುವ ಖರ್ಚೆಷ್ಟು ಎಂಬುದು ಅದನ್ನು ಮಾರುವ ಸಂಸ್ಥೆಗೇ ಸ್ಪಷ್ಟವಾಗಿ ಕಾಣದ ಸ್ಥಿತಿ ಅದು. ಈ ಏರ್ಪಾಟು 2001ರವರೆಗೆ ನಡೆಯಿತು. ಆ ವರ್ಷವಷ್ಟೇ ಏರ್‌ಬಸ್ ಒಂದೇ ಲೆಕ್ಕಪುಸ್ತಕವುಳ್ಳ ಕಂಪನಿಯಾಯಿತು. ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ರಂಗಸ್ಥಳ ಬೇಕೆ? ಖಳನಾಯಕನನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ಒಬ್ಬ ಪ್ರಾಮಾಣಿಕ ಲೆಕ್ಕಾಧಿಕಾರಿ ಮತ್ತು ಒಂದು ಬಿಗಿಯಾಗಿ ಮುಚ್ಚಿದ ಕಡತ ಸಾಕು.

ಪಾಲು ಹಂಚಿಕೆಯ ಶೇಕಡಾವಾರು ಲೆಕ್ಕ ಯುದ್ಧವಿಮಾನಗಳಲ್ಲಿ ಇನ್ನೂ ಕಟ್ಟುನಿಟ್ಟು. ಟಾರ್ನೇಡೋ ವಿಮಾನಕ್ಕಾಗಿ 1969ರಲ್ಲಿ ಹುಟ್ಟಿದ ಪನಾವಿಯಾ ಕಂಪನಿಯಲ್ಲಿ ಬ್ರಿಟನ್ ಮತ್ತು ಜರ್ಮನಿಗೆ ತಲಾ ಶೇ. 42.5, ಇಟಲಿಗೆ ಶೇ. 15. ಮೂತಿ ಮತ್ತು ಬಾಲ ಬ್ರಿಟನ್ನಿನದು, ನಡುವಿನ ಒಡಲು ಜರ್ಮನಿಯದು, ರೆಕ್ಕೆ ಇಟಲಿಯದು. ವಿಮಾನದ ನಕ್ಷೆಯನ್ನೂ ಒಪ್ಪಂದದ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟರೆ ಗೆರೆಗಳು ಕೂಡುತ್ತವೆ.

ಭಾಗಗಳನ್ನು ಬೇರೆ ಬೇರೆ ದೇಶಗಳಲ್ಲಿ ಮಾಡಿದ ಮೇಲೆ ಅವು ಒಂದೆಡೆ ಬರಬೇಕಲ್ಲ. ಕಲ್ಪಿತ ಲೋಕಗಳಲ್ಲಿ ಹೆಚ್ಚಾಗಿ ಮರೆತುಹೋಗುವ ಸಂಗತಿ ಇದು. ಏರ್‌ಬಸ್ 1970ರ ದಶಕದಲ್ಲಿ ರೆಕ್ಕೆ, ಒಡಲುಗಳನ್ನು ಸೂಪರ್ ಗಪ್ಪಿ ಎಂಬ ಉಬ್ಬಿದ ಹೊಟ್ಟೆಯ ಸರಕು ವಿಮಾನದಲ್ಲಿ, ಅಂತಿಮ ಜೋಡಣೆ ನಡೆಯುವ ಫ್ರಾನ್ಸಿನ ಟುಲೂಸಿಗೆ ತರಿಸುತ್ತಿತ್ತು. ಸೂಪರ್ ಗಪ್ಪಿ ಮೂಲತಃ ಹಳೆಯ ಬೋಯಿಂಗ್ ವಿಮಾನಗಳನ್ನು ಮಾರ್ಪಡಿಸಿ ಮಾಡಿದ್ದು. ಎದುರಾಳಿಯ ಹೆಗಲ ಮೇಲೆ ಕೂತು ತನ್ನ ವಿಮಾನ ಕಟ್ಟಿಕೊಳ್ಳುವ ಈ ಮುಜುಗರ 1990ರ ದಶಕದಲ್ಲಿ ಸ್ವಂತ ಬೆಲೂಗಾ ವಿಮಾನ ಬರುವವರೆಗೂ ಮುಂದುವರಿಯಿತು. ಎ380ರ ಭಾಗಗಳಂತೂ ಬೆಲೂಗಾದ ಹೊಟ್ಟೆಗೂ ಹಿಡಿಸಲಿಲ್ಲ. ಅವು ಹಡಗಿನಲ್ಲಿ ಬೋರ್ಡೋ ಸಮೀಪದ ಪೊಯಾಕ್ ಬಂದರಿಗೆ ಬಂದು, ಅಲ್ಲಿಂದ ದೋಣಿಗಳಲ್ಲಿ ಗಾರೋನ್ ನದಿಯ ಮೇಲೆ ಲಾಂಗೋನ್ ಊರಿನವರೆಗೆ ಸಾಗಿ, ಆಮೇಲೆ ಸುಮಾರು 240 ಕಿಲೋಮೀಟರ್ ರಸ್ತೆ ಹಿಡಿಯುತ್ತಿದ್ದವು. ವಾಹನಗಳ ಸಾಲು ರಾತ್ರಿಯಷ್ಟೇ ಚಲಿಸುತ್ತಿತ್ತು, ರಸ್ತೆ ಮುಚ್ಚಿರುತ್ತಿತ್ತು. ದಾರಿಯಲ್ಲಿರುವ ಲೆವಿನ್ಯಾಕ್ ಎಂಬ ಹಳ್ಳಿಯ ಕಿರಿದಾದ ಬೀದಿಯಲ್ಲಿ ಮನೆಗಳ ಕಿಟಕಿಗಳಿಗೆ ಕೈಗೆಟುಕುವಷ್ಟು ಹತ್ತಿರದಿಂದ, ನಡಿಗೆಯ ವೇಗದಲ್ಲಿ, ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನದ ತುಂಡುಗಳು ಹಾದುಹೋಗುತ್ತಿದ್ದವು. ಇಂಜಿನಿಯರುಗಳ ದೃಷ್ಟಿಯಿಂದ ಜೋಡಣೆಯನ್ನು ಸಮುದ್ರತೀರದಲ್ಲಿ ಮಾಡುವುದೇ ಸುಲಭ. ಆದರೆ ಜೋಡಣಾ ಘಟಕ ಎಲ್ಲಿರಬೇಕೆಂದು ನಿರ್ಧರಿಸುವವರು ಇಂಜಿನಿಯರುಗಳು ಮಾತ್ರವಲ್ಲ. ನಿಮ್ಮ ಬೆಟ್ಟದ ದೇಶ ಅಂತಿಮ ಜೋಡಣೆ ತನ್ನಲ್ಲೇ ಆಗಬೇಕೆಂದು ಹಟ ಹಿಡಿದರೆ, ರೆಕ್ಕೆಯನ್ನು ಕಣಿವೆಯ ದಾರಿಯಲ್ಲಿ ಸಾಗಿಸುವುದು ಹೇಗೆಂದು ನೀವು ಬರೆಯಲೇಬೇಕಾಗುತ್ತದೆ.

ಕೂಡುಗೆರೆಗಳಲ್ಲಿ ಏನು ಕೆಡಬಹುದು ಎಂಬುದಕ್ಕೆ ಅದೇ ಎ380 ಉದಾಹರಣೆ. ಆ ವಿಮಾನದೊಳಗೆ ಸುಮಾರು 530 ಕಿಲೋಮೀಟರ್ ವೈರಿಂಗ್ ಇತ್ತು. ಜರ್ಮನಿಯ ಹ್ಯಾಂಬರ್ಗಿನಲ್ಲಿ ತಯಾರಾದ ಒಡಲಿನ ಭಾಗಗಳು ತಮ್ಮ ವೈರಿನ ಕಟ್ಟುಗಳೊಂದಿಗೆ ಟುಲೂಸಿಗೆ ಬಂದಾಗ, ಅನೇಕ ಕಡೆ ವೈರುಗಳು ಸೇರಬೇಕಾದ ಜಾಗವನ್ನು ಮುಟ್ಟಲಿಲ್ಲ. ಜರ್ಮನಿ ಮತ್ತು ಸ್ಪೇನಿನ ವಿನ್ಯಾಸಕಾರರು ಕಾಟಿಯಾ ಎಂಬ ವಿನ್ಯಾಸ ತಂತ್ರಾಂಶದ ನಾಲ್ಕನೆಯ ಆವೃತ್ತಿಯಲ್ಲಿದ್ದರು, ಫ್ರಾನ್ಸ್ ಮತ್ತು ಬ್ರಿಟನ್ನಿನವರು ಐದನೆಯದಕ್ಕೆ ದಾಟಿದ್ದರು. ಒಂದರಲ್ಲಾದ ಬದಲಾವಣೆ ಇನ್ನೊಂದಕ್ಕೆ ಸರಿಯಾಗಿ ತಲುಪುತ್ತಿರಲಿಲ್ಲ. ತೂಕ ಇಳಿಸಲು ಬಳಸಿದ ಅಲ್ಯೂಮಿನಿಯಂ ವೈರು ತಾಮ್ರದಷ್ಟು ಬಿಗಿಯಾಗಿ ಬಾಗುವುದಿಲ್ಲ, ತಿರುವುಗಳಲ್ಲಿ ಹೆಚ್ಚು ಉದ್ದ ಬೇಡುತ್ತದೆ. ಆ ಲೆಕ್ಕವೂ ತಪ್ಪಿತ್ತು. ಕೆಲಸಗಾರರು ಒಂದೊಂದೇ ಕಟ್ಟನ್ನು ಕೈಯಿಂದ ಬಿಚ್ಚಿ ಮತ್ತೆ ಎಳೆಯಬೇಕಾಯಿತು. ಯೋಜನೆ ಸುಮಾರು ಎರಡು ವರ್ಷ ಹಿಂದೆ ಬಿತ್ತು. 2006ರಲ್ಲಿ ಏರ್‌ಬಸ್ಸಿನ ಮುಖ್ಯಸ್ಥರೂ ಮಾತೃಸಂಸ್ಥೆಯ ಇಬ್ಬರು ಜಂಟಿ ಮುಖ್ಯಸ್ಥರಲ್ಲಿ ಒಬ್ಬರೂ ಹುದ್ದೆ ಬಿಟ್ಟರು. ಜಂಟಿ ಎಂದೆ: ಒಬ್ಬ ಫ್ರೆಂಚ್, ಒಬ್ಬ ಜರ್ಮನ್, ಸಮತೂಕಕ್ಕಾಗಿ. ಮರುವರ್ಷ ಆ ಇಬ್ಬಗೆಯ ಪದ್ಧತಿಯನ್ನೇ ಕೈಬಿಡಲಾಯಿತು. ಗಮನಿಸಿ, ಇಲ್ಲಿ ಯಾರದೂ ದ್ರೋಹವಿಲ್ಲ, ಯಾವ ಲೋಹವೂ ಮುರಿದಿಲ್ಲ. ಎರಡು ನಗರಗಳ ಕಚೇರಿಗಳು ತಮ್ಮ ಹಳೆಯ ಅಭ್ಯಾಸ ಬಿಡಲಿಲ್ಲ, ಅಷ್ಟೆ.

ಸರ್ಕಾರಗಳಿಲ್ಲದೆ ಬರಿಯ ಗುತ್ತಿಗೆಗಳ ಮೂಲಕ ಬಹುರಾಷ್ಟ್ರೀಯವಾದರೆ ಈ ತೊಂದರೆ ತಪ್ಪುತ್ತದೆಯೇ ಎಂದು ಕೇಳಬಹುದು. ತಪ್ಪುವುದಿಲ್ಲ. ಬೋಯಿಂಗ್ 787ರ ರೆಕ್ಕೆ ಜಪಾನಿನದು, ಒಡಲಿನ ಕೆಲವು ಭಾಗಗಳು ಇಟಲಿಯವು. 2007ರ ಜುಲೈ 8ರಂದು ಮೊದಲ ವಿಮಾನವನ್ನು ವಿಜೃಂಭಣೆಯಿಂದ ಜಗತ್ತಿಗೆ ತೋರಿಸಿದಾಗ ಒಳಗೆ ಬಹುಪಾಲು ಟೊಳ್ಳು, ತಾತ್ಕಾಲಿಕ ಬೋಲ್ಟುಗಳು. ಅದು ನೆಲ ಬಿಟ್ಟದ್ದು 2009ರ ಡಿಸೆಂಬರ್‌ನಲ್ಲಿ.

ಪಾಲುದಾರರಲ್ಲಿ ಒಬ್ಬನಿಗೆ ಸಾಕಾದರೆ? ಇದಕ್ಕೆ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾಂಕಾರ್ಡನ್ನು ನೋಡಬೇಕು. 1962ರ ನವೆಂಬರ್ 29ರಂದು ಬ್ರಿಟನ್ ಮತ್ತು ಫ್ರಾನ್ಸ್ ಮಾಡಿಕೊಂಡದ್ದು ವ್ಯಾಪಾರದ ಕರಾರಲ್ಲ, ಎರಡು ರಾಷ್ಟ್ರಗಳ ಒಪ್ಪಂದ. ಒಬ್ಬರೇ ಹೊರನಡೆಯಲು ಅದರಲ್ಲಿ ದಾರಿಯಿರಲಿಲ್ಲ. 1964ರಲ್ಲಿ ಅಧಿಕಾರಕ್ಕೆ ಬಂದ ಬ್ರಿಟನ್ನಿನ ಲೇಬರ್ ಸರ್ಕಾರ ಕೈಬಿಡಲು ಬಯಸಿತು. ಬಿಟ್ಟರೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಭಾರೀ ಪರಿಹಾರ ತೆರಬೇಕಾದೀತೆಂಬ ಭಯ ತಡೆಯಿತು. ಎರಡೂ ದೇಶಗಳಿಗೆ ಒಂದೊಂದು ಜೋಡಣಾ ಘಟಕ ಬೇಕಿದ್ದರಿಂದ ಟುಲೂಸಿನಲ್ಲೊಂದು, ಬ್ರಿಸ್ಟಲ್ ಬಳಿಯ ಫಿಲ್ಟನ್‌ನಲ್ಲೊಂದು ನಿಂತಿತು. ತಯಾರಾದದ್ದು ಒಟ್ಟು 20 ವಿಮಾನ, ಪ್ರಯಾಣಿಕರನ್ನು ಒಯ್ದದ್ದು 14. ಒಪ್ಪಂದದ ಒಂದು ಕಲಮಿನ ಕೊರತೆಯಿಂದ ಬದುಕುಳಿದ ವಿಮಾನವೆಂದು ಅದನ್ನು ಕರೆದರೆ ತಪ್ಪಾಗದು. ನಿಮ್ಮ ಒಪ್ಪಂದದಲ್ಲಿ ಹೊರದಾರಿ ಇದೆಯೋ ಇಲ್ಲವೋ ಎಂಬುದನ್ನು ಮೊದಲ ಅಧ್ಯಾಯಕ್ಕೆ ಮುನ್ನವೇ ನಿರ್ಧರಿಸಿಕೊಳ್ಳಿ.

ನಾಣ್ಯದ ಪ್ರಶ್ನೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ವಿಮಾನಗಳು ಡಾಲರಿನಲ್ಲಿ ಮಾರಾಟವಾಗುತ್ತವೆ. ಏರ್‌ಬಸ್ಸಿನ ಬಹುಪಾಲು ಕೆಲಸಗಾರರ ಸಂಬಳ ಡಾಲರಿನಲ್ಲಿಲ್ಲ. ವಿನಿಮಯ ದರ ಅಲುಗಾಡಿದರೆ, ಕಾರ್ಖಾನೆಯಲ್ಲಿ ಏನೂ ಬದಲಾಗದಿದ್ದರೂ ಲಾಭ ನಷ್ಟವಾಗಬಹುದು. ಎದುರಾಳಿಯ ನಾಣ್ಯದಲ್ಲೇ ಮಾರಬೇಕಾದ ಸ್ಥಿತಿ ನಿಮ್ಮ ಕಂಪನಿಗೂ ಇರಲಿ.

ಕೊನೆಯದಾಗಿ, ವಿಮಾನ ಕಟ್ಟಿದೊಡನೆ ಅದನ್ನು ಹಾರಿಸಲು ಅನುಮತಿ ಸಿಕ್ಕಂತಲ್ಲ. 1944ರ ಶಿಕಾಗೋ ಒಪ್ಪಂದದಂತೆ, ನಿಗದಿತ ಕನಿಷ್ಠ ಮಟ್ಟವನ್ನು ಪಾಲಿಸಿ ಒಂದು ದೇಶ ಕೊಟ್ಟ ಹಾರಾಟಯೋಗ್ಯತೆಯ ಪ್ರಮಾಣಪತ್ರವನ್ನು ಇತರ ಸದಸ್ಯ ದೇಶಗಳು ಮಾನ್ಯ ಮಾಡಬೇಕು. ಈ ಪರಸ್ಪರ ನಂಬಿಕೆಯಿಲ್ಲದ ಲೋಕದಲ್ಲಿ ವಿಮಾನ ಗಡಿ ದಾಟಲಾರದು, ಬಹುರಾಷ್ಟ್ರೀಯ ಕಂಪನಿಗೆ ಕೊಳ್ಳುವವರೂ ಸಿಗಲಾರರು. ಅಪಘಾತವಾದಾಗ ಆ ನಂಬಿಕೆಯ ಪರೀಕ್ಷೆ ನಡೆಯುತ್ತದೆ. ನಿಜ ಲೋಕದ ನಿಯಮಗಳ ಪ್ರಕಾರ ತನಿಖೆಯ ಹೊಣೆ ಘಟನೆ ನಡೆದ ದೇಶದ್ದು. ವಿಮಾನ ನೋಂದಾಯಿಸಿದ ದೇಶ, ಅದನ್ನು ನಡೆಸುವ ಸಂಸ್ಥೆಯ ದೇಶ, ವಿನ್ಯಾಸ ಮಾಡಿದ ದೇಶ, ತಯಾರಿಸಿದ ದೇಶ ಇವೆಲ್ಲಕ್ಕೂ ತಮ್ಮ ಪ್ರತಿನಿಧಿಯನ್ನು ಕಳಿಸುವ ಹಕ್ಕಿದೆ. ತನಿಖೆಯ ಉದ್ದೇಶ ತಪ್ಪಿತಸ್ಥರನ್ನು ಹಿಡಿಯುವುದಲ್ಲ, ಮುಂದಿನ ಅಪಘಾತವನ್ನು ತಡೆಯುವುದು ಎಂದು ನಿಯಮವೇ ಹೇಳುತ್ತದೆ. ಈಗ ನಮ್ಮ ಮೂರು ದೇಶಗಳ ವಿಮಾನವೊಂದು, ಅವುಗಳಲ್ಲಿ ಯಾವುದಕ್ಕೂ ಸೇರದ ನಾಲ್ಕನೆಯ ದೇಶದ ಹೊಲದಲ್ಲಿ ಬಿದ್ದಿದೆ ಎಂದುಕೊಳ್ಳಿ. ಮುರಿದದ್ದು ಸರಿಯಾಗಿ ರೆಕ್ಕೆಯ ಬುಡದಲ್ಲಿ, ದ್ವೀಪದೇಶದ ಬೋಲ್ಟು ಬಯಲುದೇಶದ ಚೌಕಟ್ಟಿಗೆ ಹೋಗಿ ಸೇರುವಲ್ಲಿ. ಆ ಬೋಲ್ಟನ್ನು ಯಾರ ಪ್ರಯೋಗಾಲಯಕ್ಕೆ ಕಳಿಸಬೇಕೆಂದು ನಾಲ್ಕನೆಯ ದೇಶದ ತನಿಖಾಧಿಕಾರಿ ನಿರ್ಧರಿಸಬೇಕಾಗಿದೆ, ಮತ್ತು ಮೂರೂ ರಾಯಭಾರಿಗಳು ಆಗಲೇ ಅವನ ಕಚೇರಿಯ ಹೊರಗೆ ಬಂದು ಕೂತಿದ್ದಾರೆ. ಅಲ್ಲಿಂದ ಮುಂದಿನದು ನಿಮ್ಮ ಕೆಲಸ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.